ಆಫ್ರಿಕಾ ಮೊದಲು, ಅರ್ಜಿ ಆಮೇಲೆ

ಮೊದಲು ಒಂದು ಗಂಭೀರ ಸುದ್ದಿ ತಿಳಿಸಬೇಕು. ದಕ್ಷಿಣ ಆಫ್ರಿಕಾವನ್ನು ಇಲಿ ತಿಂದುಬಿಟ್ಟಿತು.

ಘಟನೆ ನಡೆದದ್ದು ಇಳಕಲ್ಲಿನಲ್ಲಿ, ನಾನು ಇಂಗ್ಲಿಷ್ ಕಲಿಸುತ್ತಿದ್ದ ಹೈಸ್ಕೂಲಿನ ನಕಾಶೆಗಳ ಕಪಾಟಿನೊಳಗೆ. ಈಜಿಪ್ತಿಗೆ ಏನೂ ಆಗಿರಲಿಲ್ಲ. ಕಾಂಗೋ ನದಿ ಎಂದಿನಂತೆ ಹರಿಯುತ್ತಿತ್ತು. ಅಲ್ಲಿಂದ ಕೆಳಗೆ ಮಾತ್ರ ಅಂಗೈಯಗಲದ ತೂತು. ನೇಕಾರರ ಸಂಘದವರು ರವಿವಾರದ ಸಭೆಗೆಂದು ಆ ನಕಾಶೆ ಕೇಳಿದ್ದರು. ಬಿಳಿಯರ ಸರಕಾರ ಅಲ್ಲಿಯ ಕರಿಯರನ್ನು ನಡೆಸಿಕೊಳ್ಳುವ ರೀತಿಯನ್ನು ಖಂಡಿಸುವ ಮೊದಲು ಆ ದೇಶ ಎಲ್ಲಿದೆ ಎಂದು ಸದಸ್ಯರಿಗೆ ತೋರಿಸಬೇಕಾಗಿತ್ತು. ಗೋಡೆಗೆ ತೂಗುಹಾಕಿದಾಗ, ಖಂಡಿಸಬೇಕಾದ ಜಾಗದಲ್ಲಿ ಗೋಡೆಯ ಸುಣ್ಣ ಕಂಡಿತು. ಅಧ್ಯಕ್ಷರು ಕನ್ನಡಕ ಹಾಕಿಕೊಂಡು ತೂತನ್ನು ಪರೀಕ್ಷಿಸಿ, "ಇಲಿ ನಮಗಿಂತ ಮೊದ್ಲ ಠರಾವು ಪಾಸ್ ಮಾಡೇತಿ" ಎಂದರು.

ಎಂಬತ್ತರ ದಶಕದ ಆ ಎರಡು ಮೂರು ವರ್ಷ ನಮ್ಮ ಸಂಘದಲ್ಲಿ ಇಂಥವು ವಾರಕ್ಕೊಂದರಂತೆ ನಡೆಯುತ್ತಿದ್ದವು. ಭೂಮಿಯ ಮೇಲೆ ಎಲ್ಲಿ ಅನ್ಯಾಯವಾದರೂ ಇಳಕಲ್ಲಿನ ಕುಣಿಮಗ್ಗದವರಿಗೆ ತಿಳಿಯಬೇಕು, ತಿಳಿದ ಮೇಲೆ ಅವರು ಸುಮ್ಮನೆ ಕೂಡಬಾರದು ಎಂಬುದು ಅಧ್ಯಕ್ಷರ ನಿಲುವು. ಅವರು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡು, ಬಲಗಡೆ ರೇಡಿಯೋ ಇಟ್ಟುಕೊಂಡು ನೇಯುತ್ತಿದ್ದ ಮನುಷ್ಯ. ವಾರ್ತೆ ಮುಗಿಯುವಷ್ಟರಲ್ಲಿ ನಾಲ್ಕು ಬೆರಳು ಸೀರೆ ಮತ್ತು ಒಂದು ಠರಾವು ಎರಡೂ ತಯಾರಾಗಿರುತ್ತಿದ್ದವು. ನಾನು ನೇಕಾರನಲ್ಲ. ಠರಾವುಗಳನ್ನು ಇಂಗ್ಲಿಷಿಗೆ ತಿರುಗಿಸಿ ಟೈಪ್ ಮಾಡುವುದು, ಸಭೆಯ ನಡಾವಳಿ ಬರೆಯುವುದು, ಇಷ್ಟು ನನ್ನ ರವಿವಾರದ ಸೇವೆ.

೧. ಜನರಲ್ ಸಾಹೇಬರಿಗೆ ಕಾಗದ

ದಕ್ಷಿಣ ಅಮೆರಿಕದ ಒಂದು ದೇಶದಲ್ಲಿ ಮಿಲಿಟರಿ ಜನರಲ್ಲನೊಬ್ಬ ಕಾರ್ಮಿಕ ಮುಖಂಡರನ್ನು ಜೈಲಿಗೆ ಹಾಕಿದ ಸುದ್ದಿ ರೇಡಿಯೋದಲ್ಲಿ ಬಂತು. ಸಭೆ ಕುದಿಯಿತು. ಆ ದೇಶದ ಹೆಸರನ್ನು ನಾಲ್ಕು ಜನ ನಾಲ್ಕು ಥರ ಹೇಳಿದರು. ಸಿಟ್ಟು ಮಾತ್ರ ಎಲ್ಲರದೂ ಒಂದೇ ಆಗಿತ್ತು.

"ಮಾಸ್ತರ, ಬರೀರಿ" ಎಂದರು ಅಧ್ಯಕ್ಷರು. "ಎಂಟು ದಿನದಾಗ ಎಲ್ಲಾರ್ನೂ ಬಿಡಬೇಕು. ಇಲ್ಲಾಂದ್ರ..."

ನಾನು ಪೆನ್ನು ಎತ್ತಿ ಹಿಡಿದೆ. "ಇಲ್ಲಾಂದ್ರ ಏನಂತ ಬರೀಲ್ರಿ?"

ಅಧ್ಯಕ್ಷರು ಬಹಳ ಹೊತ್ತು ಮೇಲಿನ ತೊಲೆ ನೋಡಿದರು. "ಇಲ್ಲಾಂದ್ರ ಒಂಬತ್ತನೇ ದಿನ ಮತ್ತ ಬರೀತೇವಿ ಅಂತ ಬರೀರಿ."

ಆ ದಿನದ ಅಜೆಂಡಾದಲ್ಲಿ ಹನ್ನೊಂದು ವಿಷಯಗಳಿದ್ದವು. ಹತ್ತು ವಿದೇಶದವು. ಹನ್ನೊಂದನೆಯದು ನಮ್ಮ ಓಣಿಯದು. ಅದರ ಕಥೆ ಹೀಗೆ. ಸಂಘದ ಸದಸ್ಯನೊಬ್ಬ ಹಿಂದಿನ ವರ್ಷ ತೀರಿಕೊಂಡಿದ್ದ. ಮೂರು ದಿನ ಮಗ್ಗ ಸುಮ್ಮನಿತ್ತು, ನಾಲ್ಕನೆಯ ವಾರ ಅವನ ಹೆಂಡತಿಯೇ ಕುಣಿಗೆ ಇಳಿದು ನೇಯತೊಡಗಿದ್ದಳು. ಅಲ್ಲ, ಮೂರು ವಾರ ಎನ್ನಬೇಕಿತ್ತು; ಆ ಹೆಣ್ಣುಮಗಳೇ ನನ್ನನ್ನು ಎಷ್ಟೋ ಸಲ ತಿದ್ದಿದ್ದಾಳೆ. ನೇಯ್ಗೆ ಅಚ್ಚುಕಟ್ಟಾಗಿತ್ತು. ತೊಂದರೆ ನೂಲಿನದು. ಸರಕಾರಿ ಡಿಪೋದಲ್ಲಿ ನೂಲು ಸಿಗಬೇಕಾದರೆ ಸಂಘದ ಸದಸ್ಯತ್ವದ ಪುಸ್ತಕ ತೋರಿಸಬೇಕು. ಗಂಡನ ಪುಸ್ತಕ ಗಂಡನ ಜೊತೆಗೇ ರದ್ದಾಗಿತ್ತು. ಆಕೆ ಮೈದುನನ ಪುಸ್ತಕದ ಮೇಲೆ ನೂಲು ತರುತ್ತಿದ್ದಳು. ಅದಕ್ಕಾಗಿ ಪ್ರತಿ ಮೂರನೆಯ ಸೀರೆ ಅವನ ಪಾಲಾಗುತ್ತಿತ್ತು. ಈಗ ಅವನು, "ಮಗ್ಗಾನ ನಮ್ಮ ಮನಿಗೆ ತಂದು ಹಾಕ್ರಿ, ಎಲ್ಲಾ ಒಂದ ಕಡಿ ಇರ್ಲಿ" ಎನ್ನಲು ಶುರುಮಾಡಿದ್ದ. ಪುಸ್ತಕ ಸಿಗದಿದ್ದರೆ ಮಗ್ಗ ಹೋಗುವುದು ಖಚಿತವಿತ್ತು. ಅದಕ್ಕೇ ಆಕೆ ಸದಸ್ಯತ್ವಕ್ಕೆ ಅರ್ಜಿ ಕೊಟ್ಟಿದ್ದಳು.

ಸಂಘದಲ್ಲಿ ಹೆಂಗಸರು ಒಬ್ಬರೂ ಇರಲಿಲ್ಲ. ಹೆಂಗಸರು ಕಂಡಿಕಿ ಸುತ್ತುವವರು, ಅಂದರೆ ಲಾಳಿಗೆ ಹಾಕುವ ನೂಲಿನ ಸುರುಳಿ ಮಾಡಿಕೊಡುವವರು. ಅದನ್ನು ಯಾರೂ ಕೆಲಸ ಎಂದು ಬರೆದಿಟ್ಟಿರಲಿಲ್ಲ. ಮೈದುನ ಸಂಘದ ಕಮಿಟಿಯಲ್ಲಿದ್ದ. ಅವನಿಗೊಂದು ಕೈಗಡಿಯಾರವೂ ಇತ್ತು. ಮಧ್ಯಾಹ್ನ ಹತ್ತನೆಯ ವಿಷಯ ಮುಗಿಯುತ್ತಿದ್ದಂತೆ ಅವನು ಮಣಿಕಟ್ಟು ನೋಡಿ, "ಒಂದು ಹೊಡೀತ್ರಿ" ಎಂದು ಎದ್ದ. ಹಸಿದ ಸಭೆ ಅವನ ಹಿಂದೆಯೇ ಎದ್ದಿತು.

ಬಾಗಿಲ ಬಳಿ ಕೂತಿದ್ದ ಆಕೆ ಕೇಳಿದಳು. "ಅಧ್ಯಕ್ಷರ, ನನ್ನ ಅರ್ಜಿ ಏನಾತ್ರಿ?"

"ತಂಗಿ, ಅಲ್ಲಿ ಮಂದಿ ಜೇಲಿನ್ಯಾಗ ಅದಾರ."

"ಜೇಲಿನ್ಯಾಗ ಊಟಾನರ ಹಾಕ್ತಾರಲ್ರಿ?"

ಅಧ್ಯಕ್ಷರು ತಟ್ಟನೆ ನಿಂತು ನನ್ನ ಕಡೆ ತಿರುಗಿದರು. "ಖರೇನ. ಮಾಸ್ತರ, ಊಟದ ಬಗ್ಗೆನೂ ಜನರಲ್ಲಗ ಒಂದು ಸಾಲು ಸೇರಸ್ರಿ."

೨. ಅಂಟಿನ ತನಿಖೆ

ದಕ್ಷಿಣ ಆಫ್ರಿಕಾದ ಸರಕುಗಳನ್ನು ಬಹಿಷ್ಕರಿಸಬೇಕೆಂದು ಠರಾವಾಯಿತು. ನಮ್ಮ ಸರಕಾರ ಆ ದೇಶದ ವ್ಯಾಪಾರ ನಿಲ್ಲಿಸಿ ಎಷ್ಟೋ ವರ್ಷವಾಗಿದೆ ಎಂದು ನಾನು ನೆನಪಿಸಿದೆ. "ಸರಕಾರ ಮಾಡಿದ್ದು ಸರಕಾರದ್ದು, ನಾವು ಮಾಡೂದು ನಮ್ದು" ಎಂದರು ಅಧ್ಯಕ್ಷರು.

ಬಹಿಷ್ಕರಿಸಲು ಸರಕು ಬೇಕಲ್ಲ. ಮೂರು ಜನರ ಸಮಿತಿ ಇಳಕಲ್ಲಿನ ಪೇಟೆಯನ್ನು ಎರಡು ದಿನ ಜಾಲಾಡಿತು. ಟಾರ್ಚು, ಕತ್ತರಿ, ತಲೆನೋವಿನ ಮುಲಾಮು, ಎಲ್ಲವನ್ನೂ ತಿರುವಿ ಓದಿದರು. ಆಫ್ರಿಕಾದ್ದು ಒಂದೂ ಸಿಗಲಿಲ್ಲ. ಸಮಿತಿ ಬೇಜಾರಿನಲ್ಲಿತ್ತು. ಆಗ ಯಾರೋ, ಅಮೀನಗಡದ ಕರದಂಟಿಗೆ ಹಾಕುವ ಅಂಟು ಆಫ್ರಿಕಾದಿಂದ ಬರುತ್ತದಂತೆ ಎಂದರು. ಸಂಘದಲ್ಲಿ ಮಿಂಚು ಸಂಚರಿಸಿತು. ರವಿವಾರ ಬೆಳಿಗ್ಗೆಯ ಬಸ್ಸಿಗೆ ಇಡೀ ಕಮಿಟಿಯೇ ಅಮೀನಗಡಕ್ಕೆ ಹೊರಟಿತು. ನಾನು ಬರೆದುಕೊಳ್ಳಲು ಹೋದೆ.

ಅಂಗಡಿಕಾರ ಒಣಕೊಬ್ಬರಿ ಹೆಚ್ಚುತ್ತ ಕೂತಿದ್ದ.

"ಈ ಅಂಟು ಎಲ್ಲಿಂದ ಬರ್ತೈತ್ರಿ?"

"ಗಿಡದಿಂದ ಬರ್ತೈತ್ರಿ."

"ಆ ಗಿಡ ಎಲ್ಲಿ ಐತಿ?"

"ನಾ ನೋಡಿಲ್ರಿ. ಸೊಲ್ಲಾಪುರದ ವ್ಯಾಪಾರಿ ಚೀಲದಾಗ ತರ್ತಾನ."

"ಅಂವ ಎಲ್ಲಿಂದ ತರ್ತಾನ?"

"ಅದನ್ನ ಕೇಳಿದ್ರ ಅಂವ ನನಗ ಯಾಕ ಕೊಡ್ತಾನ್ರಿ?"

ತಿಂದು ನೋಡದೆ ಅಂಟಿನ ದೇಶ ಗೊತ್ತಾಗುವುದಿಲ್ಲ ಎಂದು ಮೈದುನ ಸಲಹೆ ಕೊಟ್ಟ. ಮೊದಲು ಒಂದು ತುಂಡು, ಆಮೇಲೆ ಅರ್ಧ ಕಿಲೋ. ಒಬ್ಬರು ಇದು ಆಫ್ರಿಕಾದ್ದೇ ಎಂದರು, ಇನ್ನೊಬ್ಬರು ಅಲ್ಲವೇ ಅಲ್ಲ ಎಂದರು. ಮತಭೇದ ಬಗೆಹರಿಸಲು ಇನ್ನೊಂದು ಅರ್ಧ ಕಿಲೋ ತೂಗಿಸಲಾಯಿತು. ಇತ್ತ ಇಳಕಲ್ಲಿನಲ್ಲಿ ಆಕೆ ಹನ್ನೊಂದನೆಯ ವಿಷಯಕ್ಕಾಗಿ ಖಾಲಿ ಸಭಾಂಗಣದಲ್ಲಿ ಒಂದು ಗಂಟೆಯವರೆಗೆ ಕೂತಿದ್ದಳಂತೆ. ನಡಾವಳಿಯಲ್ಲಿ ನಾನು ಬರೆದದ್ದು ಇಷ್ಟು: "ಕೋರಂ ಇಲ್ಲದ ಕಾರಣ ಅರ್ಜಿ ಮುಂದೂಡಲಾಯಿತು. ಅಂಟಿನ ತನಿಖೆ ಅಪೂರ್ಣವಾದ್ದರಿಂದ ಕಮಿಟಿ ಮುಂದಿನ ರವಿವಾರ ಮತ್ತೆ ಅಮೀನಗಡಕ್ಕೆ ಹೋಗತಕ್ಕದ್ದು."

೩. ಇನ್ನೊಮ್ಮೆ ಓದ್ರಿ

ಬಾಗಲಕೋಟೆಯ ಕಾರ್ಮಿಕ ಸಮ್ಮೇಳನದಿಂದ ಪತ್ರ ಬಂತು. ದಕ್ಷಿಣ ಆಫ್ರಿಕಾದ ವರ್ಣಭೇದದ ವಿರುದ್ಧ ಜಿಲ್ಲೆಯ ಎಲ್ಲ ಸಂಘಗಳೂ ತಮ್ಮ ಸದಸ್ಯರ ಸಹಿ ತರಬೇಕು. ಹೆಚ್ಚು ಸಹಿ ತಂದ ಸಂಘದ ಅಧ್ಯಕ್ಷರು ದಿಲ್ಲಿಗೆ ಹೋಗಿ ಅದನ್ನು ಒಪ್ಪಿಸುವುದು.

ಅಧ್ಯಕ್ಷರು ಅಂದೇ ಕೋಟಿನ ಅಳತೆ ಕೊಟ್ಟರು. ಮರುದಿನ ಕೆಟ್ಟ ಸುದ್ದಿ. ಬಾದಾಮಿಯ ಕಲ್ಲು ಕೆಲಸಗಾರರ ಸಂಘದಲ್ಲಿ ನಾನೂರು ಜನರಿದ್ದಾರೆ. ನಮ್ಮಲ್ಲಿದ್ದವರು ಇನ್ನೂರ ಹನ್ನೆರಡು. ಎಡಗೈಯಲ್ಲೂ ಸಹಿ ಮಾಡಿಸಿದರೆ ಹೇಗೆ ಎಂದು ಒಬ್ಬರು ಕೇಳಿದರು. ಅಧ್ಯಕ್ಷರು ಅದನ್ನು ಸ್ವಲ್ಪ ಹೊತ್ತು ಯೋಚಿಸಿದ್ದೂ ಉಂಟು. ಕೊನೆಗೆ ಅವರ ಕಣ್ಣು ಬಾಗಿಲ ಬಳಿ ಕೂತವಳ ಮೇಲೆ ಬಿತ್ತು.

"ತಂಗಿ, ಕಂಡಿಕಿ ಸುತ್ತೂ ಹೆಣಮಕ್ಕಳ ಕಡೆ ಸಹಿ ಮಾಡಸ್ತೀಯೇನು? ಅಲ್ಲಿ ಅನ್ಯಾಯ ಭಾಳ ಆಗೇತಿ."

"ಏನ್ ಅನ್ಯಾಯರಿ?"

"ಕರಿ ಮಂದಿ ತಮ್ಮೂರಾಗ ಅಡ್ಡಾಡಾಕೂ ಒಂದು ಪಾಸ್ ಪುಸ್ತಕ ಇಟಗೋಬೇಕಂತ. ಪುಸ್ತಕ ಇಲ್ಲಂದ್ರ ಹಿಡಕೊಂಡು ಹೋಗ್ತಾರ."

ಆಕೆ ಯೋಚಿಸಿದಳು. "ಅವರು ಪುಸ್ತಕ ಬ್ಯಾಡ ಅಂತಾರ, ನಾ ಪುಸ್ತಕ ಬೇಕು ಅಂತೇನಿ. ಇಬ್ಬರ ಮಾತೂ ಯಾರೂ ಕೇಳವಲ್ರು. ಆತು, ಮಾಡಸ್ತೇನಿ. ಹಾಳಿ ಮ್ಯಾಲ ಏನ್ ಬರದೀರಿ, ಓದ್ರಿ ಮಾಸ್ತರ."

ಅಧ್ಯಕ್ಷರ ಎಲ್ಲ ಮನವಿಗಳೂ ಒಂದೇ ಥರ ಶುರುವಾಗುತ್ತಿದ್ದವು. ನಾನು ಓದಿದೆ: "ಕೆಳಗೆ ಸಹಿ ಮಾಡಿದ ನಾವು, ಈ ಸಂಘದ ಸದಸ್ಯರು..."

"ಇನ್ನೊಮ್ಮೆ ಓದ್ರಿ."

ನಾನು ಇನ್ನೊಮ್ಮೆ ಓದಿದೆ. ಆಕೆ ಹಾಳೆಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದಳು. ನನಗೆ ಏನೋ ಹೊಳೆಯಿತು. ಆದರೆ ಟೈಪ್ ಮಾಡುವವನಿಗೆ ಹೊಳೆಯುವುದು ಅಜೆಂಡಾದಲ್ಲಿ ಇರಲಿಲ್ಲ.

ನಾಲ್ಕು ದಿನ ಆಕೆ ಓಣಿ ಓಣಿ ಸುತ್ತಿದಳು, ಗುಡೂರಿನ ಮಗ್ಗದ ಮನೆಗಳಿಗೂ ಹೋಗಿಬಂದಳು. ಸಹಿ ಬಂದವರು ಸಹಿ, ಬಾರದವರು ಹೆಬ್ಬೆಟ್ಟು. ಒಟ್ಟು ಮುನ್ನೂರು ಹೆಂಗಸರು. ಆಫ್ರಿಕಾ ಎಲ್ಲಿದೆ ಎಂದು ಒಬ್ಬ ಮುದುಕಿ ಕೇಳಿದ್ದಕ್ಕೆ, "ಬಾಗಲಕೋಟಿ ದಾಟಿ ಹೋಗಬೇಕು" ಎಂದು ಆಕೆ ಹೇಳಿದಳಂತೆ. ಅದರಲ್ಲಿ ಸುಳ್ಳೇನೂ ಇಲ್ಲ.

೪. ಬಾಗಲಕೋಟೆಯಲ್ಲಿ ಕೈ ಎತ್ತಿದ್ದು

ಸಮ್ಮೇಳನಕ್ಕೆ ಆಕೆಯೂ ಬಂದಳು. ಹಾಳೆಗಳ ಗಂಟು ಬೇರೆಯವರ ಕೈಗೆ ಕೊಡಲಿಲ್ಲ. ವೇದಿಕೆಯ ಮೇಲೆ ಎಣಿಕೆ ನಡೆಯಿತು. ಬಾದಾಮಿ ನಾನೂರು. ಇಳಕಲ್ಲು ಐನೂರ ಹನ್ನೆರಡು. ನಮ್ಮವರು ಟೋಪಿ ಹಾರಿಸಿದರು. ಮೈದುನನೂ ಹಾರಿಸಿದ.

ಬಾದಾಮಿಯ ಅಧ್ಯಕ್ಷರು ಕಲ್ಲು ಒಡೆದು ಗಟ್ಟಿಯಾದ ಮನುಷ್ಯ. ಎದ್ದು ನಿಂತು, "ಇದರಾಗ ಮುನ್ನೂರು ಹೆಣಮಕ್ಕಳ ಹೆಸರು ಅದಾವ. ಇವರು ನಿಮ್ಮ ಸದಸ್ಯರೇನ್ರಿ, ಇಲ್ಲಾ ಸಂತ್ಯಾಗ ಸಿಕ್ಕೋರೇನ್ರಿ?" ಎಂದರು.

ನಮ್ಮ ಅಧ್ಯಕ್ಷರ ಮುಖದ ಮೇಲೆ ದಿಲ್ಲಿ ಒಮ್ಮೆ ಬಂದು ಹೋದದ್ದನ್ನು ನಾನು ನೋಡಿದೆ. ಅವರು ಬಲಗೈ ಎತ್ತಿದರು.

"ಎಲ್ಲಾರೂ ನಮ್ಮ ಸದಸ್ಯರು. ಹೆಣ್ಣು ಗಂಡು ಅನ್ನೂ ಭೇದ ಮಾಡೋರು ವರ್ಣಭೇದದ ಬಗ್ಗೆ ಮಾತಾಡಬಾರದು."

ಚಪ್ಪಾಳೆ ಎಷ್ಟು ಬಿತ್ತೆಂದರೆ ಬಾದಾಮಿಯವರೂ ತಟ್ಟಬೇಕಾಯಿತು. ಹಾಗೆಂದು ಬರೆದುಕೊಡಿ ಎಂದು ಸಮ್ಮೇಳನದವರು ಕೇಳಿದರು. ನಾನು ಬರೆದೆ, ಅಧ್ಯಕ್ಷರು ಸಹಿ ಮಾಡಿ ಸಂಘದ ಠಸ್ಸೆ ಒತ್ತಿದರು. ಆಕೆ ನನ್ನ ಪಕ್ಕಕ್ಕೆ ಬಂದು ಸಣ್ಣ ದನಿಯಲ್ಲಿ ಕೇಳಿದಳು. "ಮಾಸ್ತರ, ಕೆಳಗ ಕಾರ್ಬನ್ ಇಟ್ಟಿದ್ರಲ್ಲ?"

ಇಟ್ಟಿದ್ದೆ. ಅದೊಂದು ಹಳೆಯ ಚಟ.

೫. ಹನ್ನೊಂದನೆಯ ವಿಷಯ

ಮುಂದಿನ ರವಿವಾರದ ಸಭೆಗೆ ಗಂಡಸರು ಹತ್ತು ಗಂಟೆಗೆ ಬಂದರು. ಹೆಂಗಸರು ಒಂಬತ್ತೂವರೆಗೇ ಬಂದು ಕೂತಿದ್ದರು. ಎಪ್ಪತ್ತು ಜನ ಹಿಡಿಯುವ ಸಭಾಂಗಣ. ಹೆಂಗಸರು ಒಳಗೆ, ಕಟ್ಟೆಯ ಮೇಲೆ, ಮೆಟ್ಟಿಲ ಮೇಲೆ. ಗಂಡಸರು ಓಣಿಯಲ್ಲಿ ನಿಂತು ಕಿಟಕಿಯೊಳಗಿಂದ ಸಭೆ ನೋಡಬೇಕಾಯಿತು. ಅಧ್ಯಕ್ಷರು ಹೊಸ ಕೋಟು ತೊಟ್ಟು, ಕಾಲುಗಳ ನಡುವೆ ದಾರಿ ಹುಡುಕುತ್ತ ಕುರ್ಚಿ ತಲುಪಿದರು.

ಮೊದಲನೆಯ ವಿಷಯ ಓದುವ ಮುನ್ನ ಆಕೆ ಎದ್ದಳು. "ಅಧ್ಯಕ್ಷರ, ಹನ್ನೊಂದನೇದ್ದು ಮೊದ್ಲ ತಗೋರಿ."

"ತಂಗಿ, ಹಂಗ ಬರೂದಿಲ್ಲ. ಸದಸ್ಯರು ಕೈ ಎತ್ತಬೇಕಾಗ್ತೈತಿ."

ಕೈಗಳು ಎದ್ದವು. ಬಳೆಗಳ ಸಪ್ಪಳಕ್ಕೆ ಓಣಿಯ ಎಮ್ಮೆಯೊಂದು ಬೆದರಿ ಓಡಿತು.

ಕಿಟಕಿಯ ಸರಳು ಹಿಡಿದು ಮೈದುನ ಕೂಗಿದ. "ಇವರ ಕೈ ಲೆಕ್ಕಕ್ಕ ಬರೂದಿಲ್ರಿ. ಇವರು ಸದಸ್ಯರ ಅಲ್ಲ."

ಆಕೆ ಕಾರ್ಬನ್ ಪ್ರತಿ ಬಿಚ್ಚಿ ಅಧ್ಯಕ್ಷರ ಮೇಜಿನ ಮೇಲಿಟ್ಟು, ಕಿಟಕಿಯ ಕಡೆ ತಿರುಗಿದಳು. "ಅಧ್ಯಕ್ಷರ ಸಹಿ ಖೊಟ್ಟಿ ಅಂತೀಯೇನೋ ತಮ್ಮಾ? ಅನ್ನೂದಿದ್ರ ಈಗ ಅನ್ನು, ಅವರು ದಿಲ್ಲಿ ಗಾಡಿ ಹತ್ತೂಕಿಂತ ಮೊದ್ಲ."

ಮೈದುನ ಅಧ್ಯಕ್ಷರನ್ನು ನೋಡಿದ. ಅಧ್ಯಕ್ಷರು ತಮ್ಮ ಕೋಟಿನ ತೋಳು ನೋಡಿಕೊಂಡರು.

"ನನ್ನ ಸಹಿ ಖೊಟ್ಟಿ ಅಲ್ಲ" ಎಂದು ಅವರು ನಿಧಾನವಾಗಿ ಹೇಳಿ, ನಿಯಮಾವಳಿಯ ಪುಸ್ತಕ ತೆರೆದರು. ಹತ್ತು ನಿಮಿಷ ಓದಿದರು. ಆಕೆ ಕೂತುಕೊಳ್ಳಲಿಲ್ಲ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತೇ ಇದ್ದಳು. ಕೊನೆಗೆ ಅಧ್ಯಕ್ಷರು ತಲೆ ಎತ್ತಿದರು.

"ಮಾಸ್ತರ, ಬರಕೋರಿ. ನಿಯಮದ ಪ್ರಕಾರ ಈ ಅರ್ಜಿ ತಿರಸ್ಕಾರ ಮಾಡೇವಿ."

ಕಿಟಕಿಯಲ್ಲಿ ಮೈದುನ ಚಪ್ಪಾಳೆ ತಟ್ಟಿದ. ತಟ್ಟಿದವನು ಅವನೊಬ್ಬನೇ.

"ಕಾರಣನೂ ಬರಕೋರಿ" ಎಂದರು ಅಧ್ಯಕ್ಷರು. "ಈಗಾಗಲೇ ಸದಸ್ಯರಿದ್ದವರು ಸದಸ್ಯತ್ವಕ್ಕ ಅರ್ಜಿ ಹಾಕಾಕ ಬರೂದಿಲ್ಲ."

ನಾನು ಬರೆದುಕೊಂಡೆ. ಸೋಮವಾರ ಆಕೆಗೆ ಇನ್ನೂರ ಹದಿಮೂರನೆಯ ನಂಬರಿನ ಪುಸ್ತಕ ಕೊಡಲಾಯಿತು. ಮಂಗಳವಾರ ಆಕೆ ಡಿಪೋದಿಂದ ತನ್ನ ಹೆಸರಿನಲ್ಲಿ ನೂಲು ತಂದಳು.