ನನ್ನ ವೃದ್ಧಾಪ್ಯವನ್ನು ಕಸಿದುಕೊಂಡ ನಾಟಕದ ಮೇಡಂ ಕುರಿತು

ಇಂದಿರಾನಗರದ ಮುಸ್ಸಂಜೆ ಹಿರಿಯರ ಕಲಾಕೇಂದ್ರದ ಕಾರ್ಯದರ್ಶಿಗಳಾದ ಶ್ರೀ ಜಗದೀಶ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ದೊಡ್ಡನೆಕ್ಕುಂದಿಯ ಮುನಿನಾರಾಯಣಪ್ಪನೆಂಬ ಎಪ್ಪತ್ತೊಂದರ ವಿದ್ಯಾರ್ಥಿಯು ತಮಗೂ ತಮ್ಮ ಕೇಂದ್ರದ ಮೆತ್ತನೆಯ ಕುರ್ಚಿಗಳಿಗೂ ಕೈಮುಗಿದು, ನಾಲ್ಕು ಜನ ಓದಲೆಂದೇ ಬಹಿರಂಗವಾಗಿ ಬರೆದುಕೊಳ್ಳುವ ದೂರು ಏನೆಂದರೆ, ತಾವು ನೇಮಿಸಿರುವ ನಾಟಕದ ಮೇಡಂ ನಾಜಿಶ್ ಅವರು, ನಾನು ಬಹಳ ವರ್ಷ ಕಾದು ಸಂಪಾದಿಸಿದ ವೃದ್ಧಾಪ್ಯವನ್ನು ಹಗಲುಹೊತ್ತಿನಲ್ಲೇ ಕಿತ್ತುಕೊಂಡಿದ್ದಾರೆ.

ಅದೆಂಥ ಆಸ್ತಿಯಾಗಿತ್ತೆಂದು ತಮಗೆ ಮೊದಲು ತಿಳಿಸಬೇಕು. ನಮ್ಮ ರಾಗಿ ಹೊಲಗಳಲ್ಲಿ ಕಂಪನಿಗಳು ಎದ್ದ ಮೇಲೆ ನನಗೆ ಉಳಿದ ದೊಡ್ಡ ಜಮೀನೆಂದರೆ ವಯಸ್ಸೊಂದೇ. ಮದುವೆ ಮನೆಯಲ್ಲಿ ಮೊದಲ ಪಂಕ್ತಿ ನನ್ನದು. ಬೇಡದ ಕೆಲಸ ಬಂದಾಗ ಮಂಡಿ ನೋಯುತ್ತಿತ್ತು, ಬೇಡದ ಮಾತು ಬಂದಾಗ ಕಿವಿ ಮಂದವಾಗುತ್ತಿತ್ತು. ಮಿಕ್ಕ ಹೊತ್ತಿನಲ್ಲಿ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಕೊತ್ತಂಬರಿ ಹೆಚ್ಚುವ ಸರಿಯಾದ ಕ್ರಮವನ್ನು ಸೊಸೆ ಶ್ವೇತಳಿಗೆ ಹೇಳಿಕೊಡುತ್ತಿದ್ದೆ. ಅವಳು ಒಂದು ಮಾತೂ ಎದುರಾಡದೆ, ಒಂದು ಸೋಮವಾರ ನನ್ನನ್ನು ತಮ್ಮ ಕೇಂದ್ರಕ್ಕೆ ಸೇರಿಸಿ ಬಂದಳು.

ಮೊದಮೊದಲು ತಮ್ಮ ಕೇಂದ್ರ ಸ್ವರ್ಗದಂತೆಯೇ ಇತ್ತೆಂಬುದನ್ನು ಕೃತಜ್ಞತೆಯಿಂದ ಒಪ್ಪುತ್ತೇನೆ. ಗಿಣಿಯ ಚಿತ್ರಕ್ಕೆ ಬಣ್ಣ ತುಂಬಿದೆವು. ಬಣ್ಣ ಗಿಣಿಯನ್ನು ಬಿಟ್ಟು ಮೇಜಿಗೆ ಹರಿದರೂ ತಾವು ಹೆಗಲು ಸವರಿ, "ಈ ವಯಸ್ಸಿಗೆ ಇಷ್ಟು ಮಾಡಿದ್ದೇ ದೊಡ್ಡದು ತಾತ" ಎಂದಿರಿ. ತಾವೂ ಅರವತ್ತೆರಡು ದಾಟಿದವರಾದ್ದರಿಂದ ನನ್ನನ್ನು ತಾತ ಎಂದದ್ದು ತಮ್ಮ ದೊಡ್ಡ ಗುಣ. ಅಂಥ ಸುಖದ ನಡುವೆ, ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಿಂದ ನಾಜಿಶ್ ಮೇಡಂ ಬಂದರು.

ಅವರು ಒಂದು ಸಣ್ಣ ಹಾಸ್ಯ ನಾಟಕ ಬರೆದಿದ್ದರು. ಹುಡುಗ ಹೆಣ್ಣು ನೋಡಲು ಹೋಗುತ್ತಾನೆ. ಪ್ರಶ್ನೆಗಳನ್ನೆಲ್ಲ ಹೆಣ್ಣೇ ಕೇಳುತ್ತಾಳೆ. ಹೆಣ್ಣಿನ ತಾತನ ಪಾತ್ರ ನನಗೆಂದು ನಾನೇ ತೀರ್ಮಾನಿಸಿ, ಕುರ್ಚಿಯನ್ನೂ ಆರಿಸಿಟ್ಟುಕೊಂಡಿದ್ದೆ. ಮೇಡಂ ನನ್ನನ್ನು ನೋಡಿ, "ಸರ್, ನೀವು ಹುಡುಗ" ಎಂದರು. ಮಂಡಿಯ ವಿಷಯ ತೆಗೆದೆ. "ಹುಡುಗನಿಗೆ ಮಂಡಿ ನೋವು ಇರಬಾರದು ಅಂತ ಎಲ್ಲೂ ಬರೆದಿಲ್ಲ ಸರ್" ಎಂದು ಮುಂದಕ್ಕೆ ಹೋದರು.

ಹೆಣ್ಣಿನ ಪಾತ್ರ ಹಲಸೂರಿನ ಪಿಳ್ಳಮ್ಮನವರಿಗೆ ಸಿಕ್ಕಿತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದವರು, ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವರು. ಈ ವಯಸ್ಸಿನಲ್ಲಿ ಮದುವಣಗಿತ್ತಿಯಾಗಲು ಸಂಕೋಚವಿಲ್ಲವೇ ಎಂದು ನಾನು ಹಿರಿಯನ ಧಾಟಿಯಲ್ಲಿ ವಿಚಾರಿಸಿದಾಗ ಅವರು ನಗಲಿಲ್ಲ. "ಸರ್ವೀಸ್ ಪೂರ್ತಿ ಮುಖ ಕಾಣಿಸದೇನೇ ಮಾತಾಡಿದೀನಿ ಮುನಿನಾರಾಯಣಪ್ಪನೋರೆ. ಒಂದು ಸಲ ಜನದ ಮುಂದೆ ನಿಂತು ಮಾತಾಡ್ಬೇಕು" ಎಂದರು.

ನಾಟಕದಲ್ಲಿ ಹೆಣ್ಣು, "ನಿಮಗೆ ಅಡುಗೆ ಬರುತ್ತಾ?" ಎಂದು ಕೇಳುತ್ತಾಳೆ. ಹುಡುಗ, "ಬರುತ್ತೆ. ದಿನಾ ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಟೇಬಲ್ ಮೇಲೆ ಬರುತ್ತೆ" ಎನ್ನಬೇಕು. ಅದಕ್ಕೆ ಹೆಣ್ಣು, "ಹಾಗಾದರೆ ನಾಳೆಯಿಂದ ಅದು ದಾರಿ ತಪ್ಪುತ್ತೆ" ಎನ್ನುತ್ತಾಳೆ. ಇಡೀ ನಾಟಕ ನಿಂತಿರುವುದು ಈ ಮಾತುಗಳ ಮೇಲೆಯೇ ಎಂದು ಮೇಡಂ ಹೇಳುತ್ತಲೇ ಇದ್ದರು. ಇಷ್ಟು ಸಣ್ಣ ಮಾತನ್ನು ಕಲಿಯುವುದೇನು ಎಂದುಕೊಂಡು ನಾನು ಆ ವಾರವೆಲ್ಲ ಟಿ.ವಿ.ಯಲ್ಲಿ ಕ್ರಿಕೆಟ್ ನೋಡಿದೆ.

ತಮ್ಮ ಸಭಾಂಗಣದ ಮೊದಲ ಪ್ರದರ್ಶನ ತಮಗೆ ನೆನಪಿರಲೇಬೇಕು. ಪಿಳ್ಳಮ್ಮನವರು ಪ್ರಶ್ನೆ ಕೇಳಿದರು. ನಾನು "ಬರುತ್ತೆ" ಎಂದೆ, ಮುಂದಿನದು ಬರಲಿಲ್ಲ. ತಲೆಯೊಳಗೆ ಯಾರೋ ದೀಪ ಆರಿಸಿ ಹೊರಟುಹೋದಂತಾಯಿತು. ಆಗ ನಾನು ನನ್ನ ಹಳೆಯ ಆಸ್ತಿಯನ್ನೇ ನೆಚ್ಚಿ, ಹಣೆಗೆ ಕೈಹಚ್ಚಿ, "ವಯಸ್ಸಾಯ್ತು ನೋಡಿ" ಎಂದುಬಿಟ್ಟೆ. ಸಭೆಗೆ ಸಭೆಯೇ ಎದ್ದು ಚಪ್ಪಾಳೆ ತಟ್ಟಿತು. ನನ್ನ ಮಗ ಮುನೀಂದ್ರ ಕಣ್ಣೊರೆಸಿಕೊಂಡ. ತಾವು ಓಡಿಬಂದು ನಾಟಕದ ನಟ್ಟನಡುವೆ ನನಗೆ ಶಾಲು ಹೊದಿಸಿದಿರಿ. ನಾನೂ ಕೈಮುಗಿದು, ನಾಲ್ಕು ದಿಕ್ಕಿಗೂ ತಿರುಗಿ, ಚುನಾವಣೆ ಗೆದ್ದವನಂತೆ ನಿಂತೆ. ಹೇಳಬೇಕಾದ ಉತ್ತರವನ್ನು ಬಾಯಲ್ಲಿಟ್ಟುಕೊಂಡು ಕಾದಿದ್ದ ಪಿಳ್ಳಮ್ಮನವರತ್ತ ಯಾರೂ ನೋಡಲಿಲ್ಲ, ಪರದೆ ಬಿತ್ತು.

ಒಳಗೆ ಅವರು ತಲೆಯ ಮಲ್ಲಿಗೆ ತೆಗೆಯುತ್ತಾ ಮೆಲ್ಲಗೆ ಹೇಳಿದರು: "ನೀವು ಮರೆತಿದ್ದಕ್ಕೆ ಚಪ್ಪಾಳೆ ಬಿತ್ತು. ನಾನು ನೆನಪಿಟ್ಕೊಂಡಿದ್ದು ಯಾರಿಗೂ ಬೇಕಾಗಲಿಲ್ಲ." ನಾನು ಮತ್ತೆ ವಯಸ್ಸಿನ ಕಡೆ ಕೈ ಚಾಚುವಷ್ಟರಲ್ಲಿ ನಾಜಿಶ್ ಮೇಡಂ, "ಸರ್, ನೀವು ಮರೆಯಲಿಲ್ಲ. ಕಲಿತೇ ಇರಲಿಲ್ಲ. ಮ್ಯಾಚಿನ ಸ್ಕೋರೆಲ್ಲಾ ಬಾಯಿಪಾಠ ಹೇಳ್ತೀರಲ್ಲಾ" ಎಂದರು. ನನ್ನ ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಹೀಗೆ ಗದರಿದವರು ಯಾರೂ ಇರಲಿಲ್ಲ, ಮಾನ್ಯರೇ. ಮೆಟ್ರೋದಲ್ಲಿ ಮನೆಗೆ ಹೋಗುವಾಗ ಶಾಲನ್ನು ಮಡಚಿ ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದೆ.

ಮುಂದಿನ ಪ್ರದರ್ಶನ ಕೆ.ಆರ್. ಪುರದ ಒಂದು ಕಾಲೇಜಿನಲ್ಲಿ ಎಂದು ಗೊತ್ತಾಯಿತು. ನಾನು ಕಲಿಯತೊಡಗಿದೆ. ಮೆಟ್ರೋದಲ್ಲಿ ನಿಂತು "ಟೇಬಲ್ ಮೇಲೆ ಬರುತ್ತೆ, ಟೇಬಲ್ ಮೇಲೆ ಬರುತ್ತೆ" ಎಂದು ಗೊಣಗುತ್ತಿದ್ದರೆ ಅಕ್ಕಪಕ್ಕದವರು ತಾವಾಗಿಯೇ ಜಾಗ ಬಿಟ್ಟರು. ಮನೆಯಲ್ಲಿ ನನ್ನ ಹೆಂಡತಿ ರಾಮಲಕ್ಷ್ಮಮ್ಮ ಹೆಣ್ಣಿನ ಮಾತು ಹೇಳಿ ಅಭ್ಯಾಸ ಮಾಡಿಸಿದಳು. ಸಾರು ಬಡಿಸುತ್ತಾ "ನಿಮಗೆ ಅಡುಗೆ ಬರುತ್ತಾ?" ಎನ್ನುವಳು, ನಾನು ಉತ್ತರ ಹೇಳುವೆ. ಎಷ್ಟು ಸಲ ಹೇಳಿದರೂ ಅವಳು ನಗಲಿಲ್ಲ. ಏಕೆಂದು ಕೇಳಿದರೆ, "ಇದರಲ್ಲಿ ನಗೋದೇನಿದೆ, ಇರೋದೇ ಹಂಗಲ್ವಾ" ಎಂದಳು. ಅಂದು ಉಂಡ ತಟ್ಟೆಯನ್ನು ನಾನೇ ಎತ್ತಿ ತೊಳೆದೆ. ಸರಿಯಾಗಿ ತೊಳೆದಿಲ್ಲವೆಂದು ಅವಳು ಇನ್ನೊಮ್ಮೆ ತೊಳೆದಳು.

ಕಾಲೇಜಿನ ಮಕ್ಕಳು ತಮ್ಮ ಸಭಿಕರಂತೆ ಸಭ್ಯರಲ್ಲ. ನಾನು ರಂಗಕ್ಕೆ ಬಂದಾಗ ಯಾರೂ ಏಳಲಿಲ್ಲ, ಅರ್ಧ ಜನ ಫೋನಿನಲ್ಲಿದ್ದರು. ಪಿಳ್ಳಮ್ಮನವರು ಕೇಳಿದರು. ನಾನು "ಬರುತ್ತೆ" ಎಂದು ನಿಲ್ಲಿಸಿದೆ. ಮರೆತು ನಿಂತದ್ದಲ್ಲ, ಅಲ್ಲಿ ಒಂದುಸಿರು ನಿಲ್ಲಬೇಕೆಂದು ಮೇಡಂ ಹೇಳಿಕೊಟ್ಟಿದ್ದರು. ಆಮೇಲೆ ಮಿಕ್ಕದ್ದನ್ನು ಹೇಳಿದೆ. ಹಿಂದಿನ ಸಾಲಿನಿಂದ ನಗು ಶುರುವಾಗಿ ಮುಂದಕ್ಕೆ ಹರಿದುಬಂತು. ಅದು ಆರುವವರೆಗೆ ಪಿಳ್ಳಮ್ಮನವರು ಕಾದರು. ಕಾದು, ನಾಳೆಯಿಂದ ಅಡುಗೆ ದಾರಿ ತಪ್ಪುವ ಸಂಗತಿಯನ್ನು ಆ ಟೆಲಿಫೋನ್ ದನಿಯಲ್ಲಿ ತಣ್ಣಗೆ ತಿಳಿಸಿದರು. ಬೆಂಚು ಬಡಿದು ನಕ್ಕರು ಆ ಮಕ್ಕಳು. ನನಗಿಂತ ಪಿಳ್ಳಮ್ಮನವರಿಗೆ ಬಿದ್ದ ನಗು ದೊಡ್ಡದೆಂಬುದನ್ನು ಹೊಟ್ಟೆಕಿಚ್ಚಿನೊಂದಿಗೆ ದಾಖಲಿಸುತ್ತೇನೆ. ಅವರ ಮುಖ ಆಗ ಹೇಗಿತ್ತೆಂಬುದನ್ನು ಅತಿ ಹತ್ತಿರದಿಂದ ಕಂಡವನು ನಾನೊಬ್ಬನೇ. ಆ ಗಳಿಗೆಯನ್ನು ಕಳೆದ ಸಲ ಅವರಿಂದ ಕಸಿದವನೂ ನಾನೇ.

ಶಾಲು ಇರಲಿಲ್ಲ, ಹಾರ ಇರಲಿಲ್ಲ. ಹೊರಗೆ ಒಬ್ಬ ಹುಡುಗ ಚಹಾ ಕುಡಿಯುತ್ತಾ, "ಗುರು, ಟೈಮಿಂಗ್ ಸೂಪರ್ ಆಗಿತ್ತು" ಎಂದು ತನ್ನ ದಾರಿ ಹಿಡಿದ. ತಾತ ಎನ್ನಲಿಲ್ಲ, ಯಜಮಾನರೇ ಎನ್ನಲಿಲ್ಲ, ಕಡೆಗೆ ಅಂಕಲ್ ಎಂದೂ ಅನ್ನಲಿಲ್ಲ.

ಇಷ್ಟೆಲ್ಲ ಹಾನಿಯಾಗಿರುವುದರಿಂದ ನನ್ನ ಬೇಡಿಕೆಗಳನ್ನು ದಯಮಾಡಿ ಪರಿಶೀಲಿಸಬೇಕು. ನಾನು ಮುದುಕನೇ ಹೌದೆಂದು ತಮ್ಮ ಮೊಹರಿನೊಂದಿಗೆ ಒಂದು ಪ್ರಮಾಣಪತ್ರ ಕೊಡಿಸಬೇಕು. ಈಗ ಮನೆಯಲ್ಲಿ ಯಾರೂ ನಂಬುತ್ತಿಲ್ಲ, ಶ್ವೇತ ಕೊತ್ತಂಬರಿಯನ್ನು ನನ್ನ ಕೈಗೇ ಕೊಡುತ್ತಿದ್ದಾಳೆ. ನಾಜಿಶ್ ಮೇಡಂ ಅವರಿಗೆ ಕಠಿಣ ಎಚ್ಚರಿಕೆ ನೀಡಬೇಕು. ಆದರೆ ಅವರನ್ನು ಬೇರೆಡೆಗೆ ಕಳುಹಿಸುವುದಾದರೆ ನಾವೆಲ್ಲರೂ ತಮ್ಮ ಮೆತ್ತನೆಯ ಕುರ್ಚಿಗಳನ್ನು ಹೊತ್ತುಕೊಂಡು ಅವರ ಹಿಂದೆಯೇ ಹೊರಡುವವರೆಂದು ವಿನಯದಿಂದ ತಿಳಿಸುತ್ತೇನೆ. ಮತ್ತು ಇನ್ನು ಮುಂದೆ ನಾನು ಚೆನ್ನಾಗಿ ಮಾಡದಿದ್ದಲ್ಲಿ, ಸಾಧ್ಯವಾದರೆ ಕಲ್ಲು, ಇಲ್ಲವಾದರೆ ಮೌನ, ಇವೆರಡರಲ್ಲೊಂದನ್ನು ಸಭಿಕರಿಗೆ ಒದಗಿಸಬೇಕಾಗಿ ಕೋರುತ್ತೇನೆ.

ವಯಸ್ಸಿನ ಸಕಲ ಸವಲತ್ತುಗಳಿಂದ ವಂಚಿತನಾಗಿಯೂ
ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಮುನಿನಾರಾಯಣಪ್ಪ

ತಾ.ಕ.: ತಮ್ಮ ಗೇಟಿನ ಹೊಸ ಫಲಕದಲ್ಲಿ ಯಾವುದೋ ದೇಶದ ಬೆಳ್ಳಿಗೂದಲಿನ ದಂಪತಿ ಹುಲ್ಲಿನ ಮೇಲೆ ಕಾರಣವಿಲ್ಲದೆ ನಗುತ್ತಿರುವುದನ್ನು ಕಂಡೆ. ನರೆತ ತಲೆಗಳು ಹಲಸೂರಿನಲ್ಲೂ ದೊಡ್ಡನೆಕ್ಕುಂದಿಯಲ್ಲೂ ಧಾರಾಳವಾಗಿವೆ. ಫೋಟೋ ತೆಗೆಯುವುದಾದರೆ ಪಿಳ್ಳಮ್ಮನವರೂ ನಾನೂ ಸಿದ್ಧ. ನಗಿಸುವ ಜವಾಬ್ದಾರಿ ಮಾತ್ರ ತಮ್ಮದು.