ಹೋಗಲು ಇಪ್ಪತ್ತು ನಿಮಿಷ, ಬರಲು ಇಪ್ಪತ್ತು ನಿಮಿಷ

"ಈ ನಾತಾಳ ಸೂಟಿ ಮುಗಿಯೂದರೊಳಗ ನಾ ಧಾರವಾಡ ಪಾದಚಾರಿ ಮಂಡಳದ ಅಧ್ಯಕ್ಷ ಆಗದಿದ್ರ, ಈ ಹೊಸಾ ಕ್ಯಾನ್ವಾಸ್ ಬೂಟು ಒಯ್ದು ಬಾವಿಗೆ ಒಗೀತೀನಿ!"

ತ್ರ್ಯಂಬಕರಾಯರು ತೂಗುಮಂಚದ ಮೇಲೆ ಕುಳಿತು ಹೀಗೆ ಪ್ರತಿಜ್ಞೆ ಮಾಡಿದರು. ಎದುರಿಗೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ಹೆಂಡತಿ ಗೋದಾಬಾಯಿ ತಲೆ ಎತ್ತಲಿಲ್ಲ.

"ಬಾವಿಗೆ ಒಗೀಬ್ಯಾಡ್ರಿ. ಕುಡಿಯೂ ನೀರದು."

ಧಾರವಾಡ ಪಾದಚಾರಿ ಮಂಡಳವೆಂದರೆ ಸಾಮಾನ್ಯ ಸಂಸ್ಥೆಯಲ್ಲ. ಅದರಲ್ಲಿ ನಾಲ್ಕು ಜನ ಸದಸ್ಯರಿದ್ದರು. ಭೂಮಿ ಅಳೆಯುವ ಮೋಜಣಿ ಕಚೇರಿಯಲ್ಲಿ ನಕಾಶೆ ಬರೆಯುವ ತ್ರ್ಯಂಬಕರಾಯರು, ಹುಬ್ಬಳ್ಳಿಯ ಅರಳೆ ವ್ಯಾಪಾರಿ ಕುಬೇರಪ್ಪನವರು, ಸಾಲಿ ಮಾಸ್ತರ ಮಹಾಂತಯ್ಯನವರು ಮತ್ತು ಗಡಿಯಾರ ರಿಪೇರಿಯ ಅಹಮದಸಾಬರು. ಅಧ್ಯಕ್ಷರು ಮಾತ್ರ ಇರಲಿಲ್ಲ. ಕಾರಣವಿಷ್ಟೆ, ನಾಲ್ವರೂ ಆಗಲು ಸಿದ್ಧರಿದ್ದರು! ಪ್ರತಿ ರವಿವಾರ ಬೆಳಿಗ್ಗೆ ಸೋಮೇಶ್ವರಕ್ಕೋ, ನುಗ್ಗಿಕೇರಿಗೋ, ಕೆಲಗೇರಿ ಕೆರೆಯ ಏರಿಯ ಮೇಲೋ ನಡೆದು, ಹೋಗುವಾಗ ಕುಬೇರಪ್ಪನವರ ಮೊಣಕಾಲು ನೋವನ್ನೂ ಬರುವಾಗ ಮಹಾಂತಯ್ಯನವರ ವ್ಯಾಕರಣವನ್ನೂ ಸಹಿಸಿಕೊಂಡು ಮನೆ ಸೇರುತ್ತಿದ್ದರು. ಎಷ್ಟು ಹೊತ್ತಿಗೆ ಹೊರಟೆವು, ಎಷ್ಟು ಹೊತ್ತಿಗೆ ಮುಟ್ಟಿದೆವು ಎಂಬುದನ್ನು ರಾಯರು ವಹಿಯಲ್ಲಿ ಬರೆದಿಡುತ್ತಿದ್ದರು. ಅವರ ಕಿಸೆಯ ಗಡಿಯಾರಕ್ಕೆ ವಾರಕ್ಕೊಮ್ಮೆ ಅಹಮದಸಾಬರ ಆಶೀರ್ವಾದವೂ ಇತ್ತು.

ಇಂಥ ರಾಯರು ಆ ವರ್ಷ ಒಂದು ಪುಸ್ತಕವನ್ನೇ ಬರೆದು ಐವತ್ತು ಪ್ರತಿ ಅಚ್ಚು ಹಾಕಿಸಿಬಿಟ್ಟರು. ಹೆಸರು, ಕಾರವಾರದ ಸುತ್ತಲಿನ ಹನ್ನೆರಡು ಕಾಲ್ನಡಿಗೆಯ ಮಾರ್ಗಗಳು! ಧಾರವಾಡದವರು ಕಾರವಾರದ ಬಗ್ಗೆ ಬರೆಯುವುದೇ? ಯಾಕೆ ಬರೆಯಬಾರದು? ಗೋದಾಬಾಯಿಯ ತವರು ಕಾರವಾರ. ಮಾವನವರು ಅಲ್ಲಿಯ ಕೋರ್ಟಿನಲ್ಲಿ ನಾಜರರಾಗಿದ್ದು ಅಲ್ಲಿಯೇ ಮನೆ ಕಟ್ಟಿಕೊಂಡವರು. ಹನ್ನೆರಡು ವರ್ಷದ ಹಿಂದೆ ಹೊಸ ಅಳಿಯನಾಗಿ ರಾಯರು ಅಲ್ಲಿ ಎಂಟು ದಿನ ತಿರುಗಾಡಿ ಬಂದಿದ್ದರು. ಉಳಿದದ್ದಕ್ಕೆ ಕಚೇರಿಯಲ್ಲಿ ಸರಕಾರೀ ನಕಾಶೆಯೇ ಇತ್ತು. ನಕಾಶೆಯಲ್ಲಿ ಇಲ್ಲದ ದಾರಿ ಭೂಮಿಯ ಮೇಲೆ ಇರುವುದಿಲ್ಲ, ಇದ್ದರೆ ಅದು ಭೂಮಿಯ ತಪ್ಪು ಎಂಬುದು ಅವರ ನಂಬಿಕೆ.

ಮಂಡಳದಲ್ಲಿ ಕರಾರಾಯಿತು. ನಾತಾಳ ಸೂಟಿಯಲ್ಲಿ, ಅಂದರೆ ಕ್ರಿಸ್‌ಮಸ್ ರಜೆಯಲ್ಲಿ, ನಾಲ್ವರೂ ಕಾರವಾರಕ್ಕೆ ಹೋಗಿ ಆ ಹನ್ನೆರಡು ಮಾರ್ಗಗಳನ್ನೂ ನಡೆದು ನೋಡಬೇಕು. ಪುಸ್ತಕ ಹೇಳಿದಂತೆಯೇ ಎಲ್ಲ ಇದ್ದರೆ ರಾಯರು ಅಧ್ಯಕ್ಷರು. ಒಂದು ಮಾರ್ಗ ಕೈಕೊಟ್ಟರೂ ಕುಬೇರಪ್ಪನವರು ಅಧ್ಯಕ್ಷರು!

ಅಂದು ತೂಗುಮಂಚದ ಮೇಲಿಂದ ರಾಯರು ಹೆಂಡತಿಗೆ ತಮ್ಮ ಮೆಚ್ಚಿನ ಪುಟವನ್ನು ಗಟ್ಟಿಯಾಗಿ ಓದಿ ಹೇಳಿದರು. "ಮಾರ್ಗ ಏಳು. ಗರುಡಬಂಡೆಯನ್ನು ಬಳಸಿ ಅದರ ಹಿಂದಿನ ಮರಳುದಂಡೆಗೆ. ಸಮತಟ್ಟಾದ ದಾರಿ. ಹೆಂಗಸರು, ವೃದ್ಧರು ಸಹ ನಿಶ್ಚಿಂತೆಯಿಂದ ಹೋಗಬಹುದು. ಹೋಗಲು ಇಪ್ಪತ್ತು ನಿಮಿಷ, ಬರಲು ಇಪ್ಪತ್ತು ನಿಮಿಷ."

ಗೋದಾಬಾಯಿಯ ಕೈ ಮೊರದಲ್ಲೇ ನಿಂತಿತು. "ಅಲ್ಲಿಗೆ ಎಂದ ಹೋಗವ್ರು?"

"ಪಂಚಾಂಗ ನೋಡೀನಿ. ಸೋಮವಾರ, ಹುಣ್ಣಿವಿ. ಭಾರೀ ಪ್ರಶಸ್ತ ದಿನ!"

"ಹುಣ್ಣಿವಿ ದಿನ ಅಲ್ಲಿ ಹೋಗಬಾರದ್ರಿ. ಯಾಕಂದ್ರ—"

"ಯಾಕ, ಹುಣ್ಣಿವಿಗೆ ಅಲ್ಲಿ ದೆವ್ವ ಬರತದೇನು? ಇಪ್ಪತ್ತನೇ ಶತಮಾನದಾಗ ಇದ್ದೀವಿ!" ಎಂದು ರಾಯರು ರಾಹುಕಾಲದ ಕೋಷ್ಟಕಕ್ಕಾಗಿ ಪಂಚಾಂಗದ ಪುಟ ತಿರುವಿದರು.

ಗೋದಾಬಾಯಿ ಮತ್ತೆ ಅಕ್ಕಿ ಆರಿಸತೊಡಗಿದರು. ತವರಿಗೆ ಹೋಗದೆ ಐದು ವರ್ಷವಾಗಿತ್ತು. ಮಂಡಳದವರಿಗೆ ಅಡುಗೆ ಮಾಡಿ ಹಾಕುವ ನೆಪದಲ್ಲಾದರೂ ಈ ಸಲ ಹೋಗುವುದಾಗಿತ್ತು. ಜಗಳ ಬೆಳೆಸಿ ಅದನ್ನು ಕೆಡಿಸಿಕೊಳ್ಳುವಷ್ಟು ದಡ್ಡರಲ್ಲ ಅವರು.

ಹುಬ್ಬಳ್ಳಿಯಲ್ಲಿ ಸರ್ವಿಸ್ ಮೋಟಾರು ಹತ್ತಿ ಹೊರಟರು. ಆರಬೈಲ ಘಟ್ಟ ಇಳಿಯುವಾಗ ಕುಬೇರಪ್ಪನವರು ಕಣ್ಣು ಮುಚ್ಚಿ ಶಿವನಾಮ ಜಪಿಸುತ್ತಿದ್ದರು. ಗೋದಾಬಾಯಿ ಹಿಂದಿನ ಸೀಟಿನಿಂದ ಬಗ್ಗಿ, "ಆ ಏಳನೇ ಮಾರ್ಗದ್ದು ಏನಂದ್ರ, ನೀರು—" ಎಂದು ಶುರು ಮಾಡಿದರು.

"ಏ ಅಹಮದಸಾಬ, ನಮ್ಮಾಕಿಗೆ ನೀರು ಬೇಕಂತ! ಹೂಜಿ ಕೊಡ್ರಿ!"

ಹೂಜಿ ಬಂತು. ಮಾತು ಅಲ್ಲಿಗೇ ನಿಂತಿತು.

ಕಾರವಾರದಲ್ಲಿ ಮೊದಲ ಆರು ಮಾರ್ಗಗಳೂ ಪುಸ್ತಕದಂತೆಯೇ ನಡೆದವು. ಮೂರನೆಯ ಮಾರ್ಗದ ಗುಡ್ಡ ಪುಸ್ತಕದಲ್ಲಿದ್ದುದಕ್ಕಿಂತ ಸ್ವಲ್ಪ ಎತ್ತರವಾಗಿದೆ ಎಂದು ಕುಬೇರಪ್ಪನವರು ತಕರಾರು ತೆಗೆದರು. ಆದರೆ ಉಳಿದಿಬ್ಬರು ಅದನ್ನು ಮೊಣಕಾಲಿನ ತಕರಾರೆಂದು ತಳ್ಳಿಹಾಕಿದರು. ರಾಯರ ಎದೆ ದಿನಕ್ಕೊಂದು ಅಂಗುಲ ಉಬ್ಬಿತು. ಅಂಗಿಯ ಮೇಲಿನ ಗುಂಡಿ ಹಾಕಲು ಬರದಾಯಿತು!

ಸೋಮವಾರ ನಸುಕಿನಲ್ಲಿ ಗೋದಾಬಾಯಿ ಫಳಾರದ ಬುತ್ತಿಯ ಗಂಟು ಕಟ್ಟುತ್ತಾ ಮೂರನೆಯ ಸಲ ಬಾಯಿ ತೆರೆದರು. "ಹೋಗವ್ರು ಹೋಗ್ರಿ, ಆದ್ರ ಏಳೂವರಿ ಒಳಗ ತಿರುಗಿ—"

"ಏಳೂವರಿಗೆ ರಾಹುಕಾಲ ಶುರು. ಒಂಬತ್ತರ ತನಕಾ ಅದ. ಅದು ನನಗೂ ಗೊತ್ತದ. ಅದಕ್ಕಂತನ ಆರಕ್ಕ ಹೊರಟೀವಿ. ನೀ ಚಟ್ನಿ ಮರೀಬ್ಯಾಡ!"

ಗೋದಾಬಾಯಿ ಗಂಡನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ಒಳಗೆ ಹೋಗಿ ಇನ್ನೊಂದು ಗಂಟು ಕಟ್ಟಿ ತಂದು ಮಹಾಂತಯ್ಯನವರ ಹೆಗಲಿಗೆ ಹಾಕಿ, "ಇದನ್ನ ಹಸಿವಾದಾಗ ಬಿಚ್ಚರಿ, ಮಾಸ್ತರ," ಎಂದಷ್ಟೇ ಹೇಳಿದರು.

ಮಾರ್ಗ ಏಳು ನಿಜಕ್ಕೂ ಸೊಗಸಾಗಿತ್ತು. ಗರುಡಬಂಡೆಯ ಬುಡದಲ್ಲಿ ಹಸಿ ಮರಳಿನ ಮೇಲೆ ನಡೆದು ಬಳಸಿದರೆ ಹಿಂದೆ ಪುಟ್ಟದೊಂದು ಮರಳುದಂಡೆ. ಬೆನ್ನಿಗೆ ಗೋಡೆಯಂತೆ ನೇರವಾಗಿ ನಿಂತ ಗುಡ್ಡ. ಎದುರಿಗೆ ಸಮುದ್ರ. ರಾಯರು ಗಡಿಯಾರ ತೆಗೆದರು.

"ಇಪ್ಪತ್ತು ನಿಮಿಷ! ಒಂದು ನಿಮಿಷ ಹೆಚ್ಚಿಲ್ಲ, ಒಂದು ನಿಮಿಷ ಕಡಿಮಿಲ್ಲ! ಏನ್ರಿ ಕುಬೇರಪ್ಪನವರ?"

"ಹೋಗೂದು ಬರೋಬ್ಬರಿ ಐತ್ರಿ. ಬರೂದೂ ಆಗಲಿ, ಆಮ್ಯಾಲೆ ಹಾರ ಹಾಕೋಣು," ಎಂದು ಕುಬೇರಪ್ಪನವರು ಕೂರಲು ಒಂದು ಕಲ್ಲು ಹುಡುಕಿಕೊಂಡರು.

ಬುತ್ತಿ ಬಿಚ್ಚಿದರು. ಹಾಲಿನಲ್ಲಿ ಕಲಸಿ ಮಾಡಿದ ದಶಮಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ರಾಯರು ಬೂಟು ಬಿಚ್ಚಿ ಮರಳಿನ ಮೇಲೆ ಜೋಡಿಸಿಟ್ಟು, ಅಧ್ಯಕ್ಷರಾದ ಮೇಲೆ ಮಾಡಬೇಕಾದ ಭಾಷಣದ ಒಂದೆರಡು ವಾಕ್ಯಗಳನ್ನು ಗೆಳೆಯರ ಮೇಲೆ ಪ್ರಯೋಗಿಸಿದರು. ಅಷ್ಟರಲ್ಲಿ ಮಹಾಂತಯ್ಯನವರು ಕಣ್ಣು ಕಿರಿದು ಮಾಡಿದರು.

"ರಾಯರ, ನಾವು ಬಂದಾಗ ಆ ಕರೀ ಕಲ್ಲು ಒಣಗಿತ್ತಲ್ರಿ? ಈಗ ಅರ್ಧ ತೊಯ್ದದ. ಈಗ ಹೊರಡೋಣೇನು?"

ರಾಯರು ಗಡಿಯಾರ ನೋಡಿದರು. ಏಳು ಮೂವತ್ತೆರಡು! "ಎರಡು ನಿಮಿಷ ತಡಾ ಮಾಡಿದ್ರಿ, ಮಾಸ್ತರ! ರಾಹುಕಾಲ ಹತ್ತಿತು. ಒಂಬತ್ತಕ್ಕ ಏಳೋಣ. ಮಂಡಳದ ಮೊದಲನೇ ಪ್ರವಾಸ, ಅಶುಭ ಆಗಬಾರದು."

"ನೀರು ಬರಾಕತ್ತೈತ್ರಿ," ಎಂದರು ಅಹಮದಸಾಬರು.

"ಬಂದ್ರ ಬರಲಿ, ತಿರುಗಿ ಹೋಗತದ. ತೆರಿ ಅಂದ್ರ ಹಂಗ!"

ಇಲ್ಲಿ ರಾಯರ ಪರವಾಗಿ ಒಂದು ಮಾತು ಹೇಳಲೇಬೇಕು. ಅಳಿಯತನದ ಆ ಎಂಟು ದಿನ ಬಿಟ್ಟರೆ ಹುಟ್ಟಿದಾಗಿನಿಂದ ಅವರು ನೋಡಿದ ದೊಡ್ಡ ನೀರೆಂದರೆ ಕೆಲಗೇರಿ ಕೆರೆ. ಸಂಜೆ ಎಲ್ಲಿ ಬಿಟ್ಟು ಬಂದರೆ ಬೆಳಿಗ್ಗೆಯೂ ಅಲ್ಲೇ ಇರುವ ಸಭ್ಯ ನೀರು ಅದು. ಸರಕಾರೀ ನಕಾಶೆಯಲ್ಲಿ ಸಮುದ್ರಕ್ಕೂ ಒಂದೇ ಗೆರೆ. ಆ ಗೆರೆಯನ್ನು ಸ್ವತಃ ರಾಯರೇ ಎಷ್ಟೋ ಸಲ ನೀಲಿ ಶಾಯಿಯಲ್ಲಿ ತಿದ್ದಿ ಬರೆದಿದ್ದರು. ದಿನಕ್ಕೆರಡು ಸಲ ಸಮುದ್ರ ಉಬ್ಬಿ ಭರತಿ ಬರುತ್ತದೆ, ಅಮಾಸೆ ಹುಣ್ಣಿಮೆಗೆ ಆ ಭರತಿ ಇನ್ನಷ್ಟು ಮೇಲೇರುತ್ತದೆ ಎಂಬುದು ಕಾರವಾರದ ನಾಲ್ಕು ವರ್ಷದ ಮಕ್ಕಳಿಗೆ ಗೊತ್ತು. ಮೋಜಣಿ ಕಚೇರಿಗೆ ಮಾತ್ರ ಯಾರೂ ತಿಳಿಸಿರಲಿಲ್ಲ. ಹನ್ನೆರಡು ವರ್ಷದ ಹಿಂದೆ ಅವರನ್ನು ಇಲ್ಲಿಗೆ ಕರೆತಂದಿದ್ದ ಭಾವಮೈದುನರು ನೀರು ಇಳಿದಾಗ ಕರೆತಂದು, ಏರುವುದರೊಳಗೆ ಕರೆದೊಯ್ದಿದ್ದರು.

ಒಂಬತ್ತು ಹೊಡೆಯುವುದಕ್ಕೆ ಸರಿಯಾಗಿ ರಾಯರು ಶುಭ ಮುಹೂರ್ತದಲ್ಲಿ ಎದ್ದು ನಿಂತರು. ದಾರಿ ಇರಲಿಲ್ಲ! ಗರುಡಬಂಡೆಯ ಬುಡದಲ್ಲಿ ಎದೆಮಟ್ಟದ ನೀರು ಬಂಡೆಗೆ ಬಡಿದು ಬುಸುಗುಡುತ್ತಿತ್ತು.

"ಯಾರೋ ತೂಬು ಬಿಟ್ಟಾರ!" ಎಂದು ಕುಬೇರಪ್ಪನವರು ಕೂಗಿದರು. "ಕೋಡಿ ಎಲ್ಲೈತ್ರಿ? ಇಷ್ಟು ನೀರಿಗೆ ಎಲ್ಲೋ ಒಂದು ಕೋಡಿ ಇರಬೇಕಲ್ರಿ!"

"ಸಮುದ್ರಕ್ಕ ಕೋಡಿ ಇರೂದುಲ್ರಿ," ಎಂದರು ಮಹಾಂತಯ್ಯನವರು ಮೇಲೆ ಮೇಲೆ ಸರಿಯುತ್ತಾ.

ಅಹಮದಸಾಬರು ರಾಯರ ಗಡಿಯಾರವನ್ನು ಇಸಿದುಕೊಂಡು ಕಿವಿಗೆ ಹಿಡಿದು ನೋಡಿ ಮರಳಿ ಕೊಟ್ಟರು. "ಇದು ಬರೋಬ್ಬರಿ ಐತ್ರಿ. ಆ ನೀರಿನ ಗಡಿಯಾರ ಬ್ಯಾರೆ ಐತಿ. ಅದರ ರಿಪೇರಿ ನನಗ ಬರಂಗಿಲ್ಲ."

ಮರಳುದಂಡೆ ಚಾಪೆಯಷ್ಟಾಯಿತು, ಆಮೇಲೆ ಒಬ್ಬರು ಕೂರುವ ಚೌರಂಗದಷ್ಟಾಯಿತು. ನಾಲ್ವರೂ ಧೋತರ, ಪಾಯಿಜಾಮ ಎತ್ತಿ ಕಟ್ಟಿ, ಗುಡ್ಡಕ್ಕೆ ಅಂಟಿದ್ದ ಒಂದು ಕಟ್ಟೆಯಂಥ ಬಂಡೆಯ ಮೇಲೆ ಸಾಲಾಗಿ ಕುಳಿತರು. ಕುಬೇರಪ್ಪನವರನ್ನು ಅಲ್ಲಿಗೆ ಹತ್ತಿಸುವುದರಲ್ಲಿ ಮಂಡಳದ ಐಕ್ಯ ಸಾರ್ಥಕವಾಯಿತು. ಆಗ ರಾಯರಿಗೆ ನೆನಪಾಯಿತು, ಬೂಟು! ಕೆಳಗೆ ನೋಡಿದರೆ ಎರಡೂ ಬೂಟುಗಳು ಒಂದರ ಹಿಂದೊಂದು, ಮಂಡಳದ ಶಿಸ್ತಿನಲ್ಲಿ, ಆಳದ ಕಡೆಗೆ ನಡೆದಿದ್ದವು. ಬಾವಿಗೆ ಒಗೆಯುವ ಶ್ರಮ ರಾಯರಿಗೆ ಉಳಿಯಿತು.

ಹನ್ನೊಂದಕ್ಕೆ ನೀರು ಅವರ ಅಂಗಾಲಿಗಿಂತ ಒಂದು ಮೊಳ ಕೆಳಗೆ ಬಂದು ನಿಂತಿತು. ಅಧ್ಯಕ್ಷಗಿರಿಯ ಆಸೆ ಬಿಟ್ಟು ಬದುಕಿನ ಆಸೆ ಹಿಡಿದಿದ್ದ ರಾಯರು ಮನಸ್ಸಿನಲ್ಲೇ ನುಗ್ಗಿಕೇರಿ ಹನುಮಂತನಿಗೆ ಹರಕೆ ಹೊತ್ತರು. ಕುಬೇರಪ್ಪನವರು ಹೊಟ್ಟೆ ಸವರಿಕೊಂಡರು.

"ಸಾಯೂದಾದ್ರ ಉಂಡು ಸಾಯೋಣ್ರಿ. ಹಸಿವಿ ಆಗೇತಿ."

ಮಹಾಂತಯ್ಯನವರಿಗೆ ಹೆಗಲಿನ ಗಂಟು ನೆನಪಾಯಿತು. ಬಿಚ್ಚಿದರು. ನಾಲ್ವರ ಮಧ್ಯಾಹ್ನದ ಊಟ! ಚಪಾತಿ, ಬದನೆಕಾಯಿ ಪಲ್ಯ, ಬಾಳೆ ಎಲೆಯಲ್ಲಿ ಕಟ್ಟಿದ ಮೊಸರನ್ನ, ಕುಡಿಯುವ ನೀರಿನ ತಂಬಿಗೆ. ಎಲ್ಲದರ ಕೆಳಗೆ ರಾಯರದೇ ಪಂಚಾಂಗ! ಹುಣ್ಣಿಮೆಯ ಪುಟ ಮಡಚಿಟ್ಟಿತ್ತು. ಅಂಚಿನಲ್ಲಿ ಗೋದಾಬಾಯಿಯ ದುಂಡು ಅಕ್ಷರ. "ಹೆದರಬ್ಯಾಡ್ರಿ. ಎತ್ತರದ ಕಲ್ಲಿನ ಮ್ಯಾಲೆ ಕೂಡ್ರಿ, ಅಲ್ಲಿಗೆ ನೀರು ಬರೂದುಲ್ಲ. ಎರಡರ ಮ್ಯಾಲೆ ದಾರಿ ಬಿಡತದ."

ನಾಲ್ವರೂ ಅದನ್ನು ಒಬ್ಬರಾದ ಮೇಲೊಬ್ಬರು ಓದಿದರು. ಉಳಿದ ಮೂವರೂ ರಾಯರ ಕಡೆಗೆ ತಿರುಗಿ ನೋಡಿದರು. ರಾಯರ ಕಣ್ಣಿನಲ್ಲಿ ನೀರು ಬಂತು. ಅದರಲ್ಲಿ ಸಂತೋಷವೆಷ್ಟು, ನಾಚಿಕೆಯೆಷ್ಟು ಎಂದು ಅವರಿಗೇ ತಿಳಿಯಲಿಲ್ಲ. ಹನ್ನೆರಡು ವರ್ಷ ಸಂಸಾರ ಮಾಡಿದ ಮೇಲೂ ತಮ್ಮ ಹೆಂಡತಿ ಇಷ್ಟು ಬಲ್ಲವಳೆಂದು ತಿಳಿಯಲು ಕಲ್ಲಿನ ಮೇಲೆ ಕೂರಬೇಕಾಯಿತಲ್ಲ ಎಂದು ಮರುಗಿದರು. ಆದರೂ ಮೊಸರನ್ನ ಮಾತ್ರ ಎರಡು ಸಲ ಹಾಕಿಸಿಕೊಂಡರು.

ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಮೊಣಕಾಲುದ್ದದ ನೀರಿನಲ್ಲಿ ಒಬ್ಬರ ಕೈ ಒಬ್ಬರು ಹಿಡಿದು ಹೊರಟರು. ಬಂಡೆ ಬಳಸಿ ಬಂದರೆ, ದಂಡೆಯ ಸುರಗಿ ಮರದ ಕೆಳಗೆ ಗೋದಾಬಾಯಿ ಕುಳಿತಿದ್ದರು. ಪಕ್ಕದಲ್ಲಿ ನಾಲ್ಕು ಒಣ ಧೋತರ, ಮಾವನವರ ಹಳೆಯ ಚಪ್ಪಲಿ.

ರಾಯರು ಬರಿಗಾಲಲ್ಲಿ ಹತ್ತಿರ ಬಂದು ಗದರಿಸಲು ನೋಡಿದರು. "ಇಷ್ಟೆಲ್ಲಾ ಗೊತ್ತಿದ್ದು ನೀ ನನಗ ಯಾಕ ಹೇಳಲಿಲ್ಲ?"

"ಮೂರು ಸಲ ಶುರು ಮಾಡಿದೆ. ಒಮ್ಮೆ ದೆವ್ವ ಅಂದ್ರಿ, ಒಮ್ಮೆ ಹೂಜಿ ಕೊಡಿಸಿದ್ರಿ, ಒಮ್ಮೆ ಚಟ್ನಿ ಅಂದ್ರಿ. ನಾಲ್ಕನೇ ಸಲಕ್ಕ ಬರದು ಕಟ್ಟಿದೆ. ಬರದದ್ದರ ನಡುವ ಬಾಯಿ ಹಾಕಲಿಕ್ಕೆ ಬರೂದುಲ್ಲಲ್ರಿ."

ಕುಬೇರಪ್ಪನವರು ಒಣ ಧೋತರ ಸುತ್ತಿಕೊಳ್ಳುತ್ತಾ ಅಲ್ಲೇ ಸಭೆ ನಡೆಸಿಬಿಟ್ಟರು. "ಕರಾರಿನ ಪ್ರಕಾರ ಅಧ್ಯಕ್ಷಗಿರಿ ನಂದು. ನನಗ ಬ್ಯಾಡ್ರಿ. ತಂಗೀ, ನೀವ ಆಗ್ರಿ."

"ಅಯ್ಯ, ನನಗ ಯಾಕ್ರಿ ಅಣ್ಣಾರ," ಎಂದು ಗೋದಾಬಾಯಿ ನಕ್ಕರು. "ಪುಸ್ತಕಾ ಒಂದು ತಿದ್ದಿಸಿದ್ರ ಸಾಕು. ನಾಳೆ ಮತ್ಯಾರರೆ ಅದನ್ನ ಓದಿ ಇಲ್ಲಿ ಬಂದಾರು. ಅವರಿಗೆ ಎರಡನೇ ಗಂಟು ಯಾರು ಕಟ್ಟತಾರ?"

ಧಾರವಾಡಕ್ಕೆ ಮರಳಿದ ರಾಯರು ತೂಗುಮಂಚದ ಮೇಲೆ ಕುಳಿತು, ಐವತ್ತು ಪ್ರತಿಗಳನ್ನೂ ಹರಡಿಕೊಂಡು, ಏಳನೆಯ ಮಾರ್ಗದ ಕೊನೆಯ ಸಾಲನ್ನು ಹೊಡೆದು ತಮ್ಮ ನಕಾಶೆಯ ಅಕ್ಷರದಲ್ಲಿ ಹೊಸದಾಗಿ ಬರೆದರು. ಪ್ರತಿಯೊಂದನ್ನೂ ಗೋದಾಬಾಯಿ ಓದಿ ನೋಡಿ ಬದಿಗಿಟ್ಟರು. ಅದು ಹೀಗಿತ್ತು:

"ಹೋಗಲು ಇಪ್ಪತ್ತು ನಿಮಿಷ. ಬರಲು ಐದು ತಾಸು ನಲವತ್ತು ನಿಮಿಷ. ಹೊರಡುವ ಮುಂಚೆ ಹೆಂಡತಿಯ ಮಾತನ್ನು ಪೂರ್ತಿ ಕೇಳಿಸಿಕೊಳ್ಳತಕ್ಕದ್ದು. ಅದಕ್ಕೆ ಎರಡು ನಿಮಿಷ."