ಸಾಹೇಬನ ಊಟ ಆತೇನ್ರಿ?

ಹೊಟ್ಟೆಕಿಚ್ಚು ಪಡುವುದಕ್ಕೆ ಎದುರಿಗೆ ಒಬ್ಬ ಮನುಷ್ಯನಾದರೂ ಇರಬೇಕೆಂದು ನಾನು ಬಹಳ ವರ್ಷ ತಿಳಿದುಕೊಂಡಿದ್ದೆ. ಜೊತೆಯವನಿಗೆ ಬಡ್ತಿ ಸಿಕ್ಕರೆ, ಪಕ್ಕದವರು ಮನೆ ಮೇಲೆ ಮನೆ ಕಟ್ಟಿಸಿದರೆ, ನನ್ನ ವಾರಿಗೆಯವನ ತಲೆಯಲ್ಲಿ ಇನ್ನೂ ಕೂದಲು ಉಳಿದಿದ್ದರೆ ಒಂದಿಷ್ಟು ಹೊಟ್ಟೆ ಉರಿಯುವುದು ಸಹಜ. ಅದನ್ನು ಯಾರೂ ದೊಡ್ಡ ತಪ್ಪೆಂದು ಎಣಿಸುವುದಿಲ್ಲ. ಆದರೆ ಐವತ್ತು ದಾಟಿದ, ಸರ್ಕಾರಿ ಕಚೇರಿಯಲ್ಲಿ ಟಪಾಲು ನೋಡುವ, ಬಜಾರಿನಲ್ಲಿ ನಾಲ್ಕು ಜನರಿಂದ ನಮಸ್ಕಾರ ಹಾಕಿಸಿಕೊಳ್ಳುವ ಗೃಹಸ್ಥನೊಬ್ಬ ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ಕಂಡು ಕರುಬಿದ ಎಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ. ಆ ಗೃಹಸ್ಥ ನಾನೇ. ಆ ಡಬ್ಬಿ ನಮ್ಮ ಬೆಕ್ಕಿಗೆ ಹೊತ್ತುಹೊತ್ತಿಗೆ ಊಟ ಹಾಕುವ ಯಂತ್ರ.

ಮೊದಲು ಬೆಕ್ಕಿನ ಪರಿಚಯ ಆಗಲಿ. ಅದರ ಹೆಸರು ಸಾಹೇಬ. ನಮ್ಮ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇಲಿಗಳ ಕಾಟ ಹೆಚ್ಚಾದಾಗ ಜವಾನ ಎಲ್ಲಿಂದಲೋ ಒಂದು ಮರಿ ತಂದು ಬಿಟ್ಟ. ಅದು ಬಂದ ದಿನವೇ ಹಳೆಯ ಕಡತಗಳ ಗಂಟಿನ ಮೇಲೆ ಏರಿ ಮಲಗಿತು. ಇಲಿ ಎದುರಿಗೆ ಬಂದರೆ, ಅರ್ಜಿ ಹಿಡಿದು ನಿಂತವನನ್ನು ನಾವು ನೋಡುವ ಹಾಗೆ ಒಮ್ಮೆ ನೋಡಿ ಮುಖ ಆ ಕಡೆ ತಿರುಗಿಸುತ್ತಿತ್ತು. ಇಷ್ಟು ಗುಣ ಇದ್ದ ಮೇಲೆ ಸಾಹೇಬ ಎಂಬ ಹೆಸರನ್ನು ಯಾರೂ ಇಡಬೇಕಾಗಲಿಲ್ಲ, ತಾನಾಗಿಯೇ ಬಂತು. ಒಂದು ಮಧ್ಯಾಹ್ನ ಅದು ನಿಜವಾದ ಸಾಹೇಬರ ಕುರ್ಚಿಯಲ್ಲೇ ನಿದ್ದೆ ಹೋಗಿ ಸಿಕ್ಕಿಬಿದ್ದು, ತಕ್ಷಣ ಜಾರಿಗೆ ಬರುವಂತೆ ನನ್ನ ಮನೆಗೆ ವರ್ಗವಾಯಿತು. ನನ್ನ ಹೆಂಡತಿ ಗಿರಿಜಾ ಮೊದಮೊದಲು ‘ಅದನ್ನ ಹೊರಗ ಬಿಟ್ಟು ಬರ್ರಿ’ ಎನ್ನುತ್ತಿದ್ದಳು. ಸ್ವಲ್ಪ ದಿನಕ್ಕೇ ಹಾಲಿನಲ್ಲಿ ರೊಟ್ಟಿ ಮುರಿದು ಅದರ ಮುಂದಿಟ್ಟ ಮೇಲೆಯೇ ನನಗೆ ತಾಟು ಹಚ್ಚಿ ಬಡಿಸುವ ಪದ್ಧತಿ ಶುರುವಾಯಿತು. ಮನೆಯ ಜ್ಯೇಷ್ಠತಾ ಪಟ್ಟಿಯಲ್ಲಿ ನಾನು ಒಂದು ಸ್ಥಾನ ಕೆಳಗಿಳಿದೆ.

ಹಾಗೇ ನಡೆದುಕೊಂಡು ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಗಿರಿಜಾ ಹೈಸ್ಕೂಲು ಮಾಸ್ತರಿಣಿ. ಅವಳಿಗೆ ಬಡ್ತಿ ಬಂತು, ಜೊತೆಗೆ ಸಿದ್ದಾಪುರವೂ ಬಂತು. ನಮ್ಮ ಯಲಬುರ್ಗಾದ ಎರೆಮಣ್ಣಿನವಳು ಹೋಗಿ ಕಾಲುವೆ ನೀರಿನ ಭತ್ತದ ಗದ್ದೆಗಳ ನಡುವೆ ಬಿದ್ದಳು. ಕೊಪ್ಪಳಕ್ಕೊಂದು ಬಸ್ಸು, ಅಲ್ಲಿಂದ ಗಂಗಾವತಿಗೊಂದು, ಅಲ್ಲಿಂದ ಸಿದ್ದಾಪುರಕ್ಕೊಂದು. ದಿನಾ ಓಡಾಡುವ ಮಾತಲ್ಲ. ಅಲ್ಲೇ ಒಂದು ರೂಮು ಹಿಡಿದಳು. ಶನಿವಾರ ಸಾಲಿ ಬಿಟ್ಟ ಮೇಲೆ ಬಂದರೆ ಸೋಮವಾರ ಮೊದಲ ಬಸ್ಸಿಗೆ ಹೊರಡುತ್ತಾಳೆ. ಮಗಳು ಧಾರವಾಡದಲ್ಲಿ ಓದುತ್ತಿದ್ದಾಳೆ. ಹೀಗೆ ಮನೆಯಲ್ಲಿ ಉಳಿದವರು ನಾನು ಮತ್ತು ಸಾಹೇಬ.

ಒಬ್ಬನೇ ಇರುವುದು ಅಂಥ ಕಷ್ಟವೇನಲ್ಲ. ಬೆಳಿಗ್ಗೆ ಚಹಾ ಕಾಸಲು ಬರುತ್ತದೆ, ರೊಟ್ಟಿ ಮಾಡಿ ಮಾರುವವರ ಮನೆ ನಮ್ಮ ಓಣಿಯಲ್ಲೇ ಇದೆ, ಬಟ್ಟೆ ಒಗೆಯಲು ಮಷಿನ್ ಇದೆ. ಕಷ್ಟವೆಲ್ಲ ಸಂಜೆಯ ಊಟದ ಹೊತ್ತಿಗೆ. ತಾಟಿನಲ್ಲಿ ಎಲ್ಲ ಇರುತ್ತದೆ, ಪುಂಡಿ ಪಲ್ಯ, ಶೇಂಗಾ ಚಟ್ನಿ, ಮೊಸರು. ಆದರೆ ‘ಬ್ಯಾಡ, ಸಾಕು’ ಎನ್ನಬೇಕಾದರೆ ಹಾಕುವವರು ಎದುರಿಗಿರಬೇಕಲ್ಲ! ಇಷ್ಟು ವರ್ಷ ನಾನು ಎರಡನೆಯ ರೊಟ್ಟಿಯ ಮೇಲೆ ಕೈ ಅಡ್ಡ ಹಿಡಿದು ಬೇಡ ಎನ್ನುವುದು, ಅವಳು ಕೈಯ ಸಂದಿಯಲ್ಲಿ ಮೂರನೆಯದನ್ನು ಹಾಕುವುದು, ನಾನು ಗೊಣಗುತ್ತ ಅದನ್ನು ತಿನ್ನುವುದು, ಇದಿಷ್ಟೂ ಸೇರಿ ಊಟ ಎನಿಸಿಕೊಳ್ಳುತ್ತಿತ್ತು ಎಂಬುದು ನನಗೆ ಅವಳು ಹೋದ ಮೇಲೆ ತಿಳಿಯಿತು. ಒಬ್ಬನೇ ಕೂತವನು ಎರಡೇ ರೊಟ್ಟಿ ತಿಂದು ಏಳುತ್ತಾನೆ. ಬೇಡ ಎಂದು ಯಾರಿಗೆ ಹೇಳುವುದು? ಸಾಹೇಬನಿಗೆ ಹೇಳಿ ನೋಡಿದೆ. ಅವನು ನನ್ನನ್ನು ಅರ್ಜಿದಾರನಂತೆ ನೋಡಿದ.

ಫೋನ್ ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಮ್ಮ ಕಡೆಯ ಗಂಡಹೆಂಡತಿ ನಿಮಗೆ ಗೊತ್ತಿಲ್ಲವೆಂದಾಯಿತು. ನಮ್ಮಲ್ಲಿ ಫೋನಿಗೆ ಕಾರಣ ಬೇಕು. ಗ್ಯಾಸ್ ಮುಗಿದಿರಬೇಕು, ಯಾರಾದರೂ ಸತ್ತಿರಬೇಕು, ಕಡೇಪಕ್ಷ ಕೊಡೆ ಎಲ್ಲಿಟ್ಟಿದ್ದಿ ಎಂದಾದರೂ ಕೇಳಬೇಕು. ನಾನೊಮ್ಮೆ ಧೈರ್ಯ ಮಾಡಿ ಕಾರಣವಿಲ್ಲದೆ ಮಾಡಿದ್ದೆ.

‘ಏನಾತ್ರಿ?’ ಎಂದಳು.

‘ಏನಿಲ್ಲ. ಸುಮ್ನ ಮಾಡಿದೆ.’

‘ಸುಮ್ನ ಅಂದ್ರ? ಮೈಯಾಗ ಆರಾಮ ಐತಿಲ್ಲೋ? ಬಿಪಿ ಗುಳಿಗಿ ತಗೊಂಡೀರಿಲ್ಲೋ?’

ತಗೊಂಡೀನಿ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಮರುದಿನ ಅರ್ಧ ದಿನ ರಜೆ ಹಾಕಿ ಮೂರು ಬಸ್ಸು ಹತ್ತಿ ಇಳಿದು ಬಂದು, ನನ್ನ ಹಣೆ ಮುಟ್ಟಿ ನೋಡಿ, ಬೈದು ಹೋದಳು. ಅಂದಿನಿಂದ ‘ಸುಮ್ನ’ ಎಂಬ ಶಬ್ದವನ್ನು ನಾನು ಬಿಟ್ಟುಬಿಟ್ಟೆ.

ಆದರೆ ನಮಗೊಂದು ಕಾರಣ ಸಿಕ್ಕಿತ್ತು. ಸಾಹೇಬ. ದಿನಾ ಸಂಜೆ ಅವಳು ತಾನಾಗಿಯೇ ಫೋನ್ ಮಾಡಿ, ‘ಸಾಹೇಬನ ಊಟ ಆತೇನ್ರಿ?’ ಎಂದು ಕೇಳುತ್ತಿದ್ದಳು. ಆತು ಎನ್ನುತ್ತಿದ್ದೆ. ಏನು ತಿಂದ, ಎಷ್ಟು ತಿಂದ, ಹಾಲು ಬಿಟ್ಟನೇ, ಎಲ್ಲ ವಿಚಾರಣೆ ಮುಗಿದ ಮೇಲೆ ಕಡೆಗೊಂದು ಸಣ್ಣ ಪ್ರಶ್ನೆ ಬರುತ್ತಿತ್ತು. ‘ನಿಮ್ದು?’ ಆ ಒಂದು ಶಬ್ದಕ್ಕಾಗಿ ನಾನು ಬೆಕ್ಕಿನ ಇಡೀ ದಿನಚರಿಯನ್ನು ಒಪ್ಪಿಸುತ್ತಿದ್ದೆ.

ಕೆಟ್ಟದ್ದು ಒಂದು ಮಿರ್ಚಿಯಿಂದ. ಬಸ್ ಸ್ಟ್ಯಾಂಡಿನಿಂದ ಕಟ್ಟಿಸಿಕೊಂಡು ಬಂದ ಮಿರ್ಚಿ ಬಜಿಯ ಮೇಲಿನ ಹಿಟ್ಟು ಬಿಡಿಸಿ ಸಾಹೇಬನಿಗೂ ಒಂದಿಷ್ಟು ಕೊಟ್ಟೆ. ಹೊಟ್ಟೆ ಕೆಟ್ಟಿತು. ದನದ ದವಾಖಾನೆಯ ಡಾಕ್ಟರು ಬೆಕ್ಕನ್ನು ನೋಡುವ ಬದಲು ನನ್ನನ್ನೇ ಹೆಚ್ಚು ನೋಡಿ, ಒಣ ಆಹಾರವನ್ನೇ ಕೊಡಿ, ಅಳತೆ ಮಾಡಿ ಕೊಡಿ ಎಂದರು. ಸುದ್ದಿ ಸಿದ್ದಾಪುರಕ್ಕೂ ಧಾರವಾಡಕ್ಕೂ ಮುಟ್ಟಿತು. ತಾಯಿ ಮಗಳು ಸೇರಿ ಏನು ಮಾತಾಡಿಕೊಂಡರೋ, ಒಂದು ರವಿವಾರ ಆ ಯಂತ್ರ ಮನೆಗೆ ಬಂತು. ಮೇಲೆ ಆ ಒಣ ಆಹಾರದ ಕಾಳು ತುಂಬುವ ಡಬ್ಬಿ, ಕೆಳಗೊಂದು ತಟ್ಟೆ, ನಡುವೆ ಹೊಳೆಯುವ ಕರಿ ಗುಂಡಿ. ಹೊತ್ತಾದ ಕೂಡಲೇ ಗರ್ರ್ ಎಂದು ಅಳತೆಯ ಕಾಳು ಉದುರಿಸುತ್ತದೆ. ಬೆಕ್ಕು ಬಂದು ತಿನ್ನದಿದ್ದರೆ ಗಿರಿಜಾಳ ಮೊಬೈಲಿಗೆ ಸುದ್ದಿ ಹೋಗುತ್ತದೆ. ಇಡಲು ನಾನು ಅಡುಗೆಮನೆಯ ಮೂಲೆ ತೋರಿಸಿದೆ.

‘ಅಲ್ಲಿ ಬ್ಯಾಡ್ರಿ, ಕತ್ತಲ ಐತಿ. ಪಡಸಾಲ್ಯಾಗ ಇಡೂಣು,’ ಎಂದು ನಾನು ಊಟಕ್ಕೆ ಕೂಡುವ ಜಾಗದ ಸರಿ ಎದುರಿಗೆ ಇಟ್ಟಳು. ‘ನೀವು ಜಾಗಾ ಬದಲ ಮಾಡಬ್ಯಾಡ್ರಿ ಮತ್ತ. ಬೆಕ್ಕು ಅಂಜತೈತಿ.’

ನಾನು ನಂಬಿದೆ. ಗಂಡ ಜಾಗ ಬದಲಿಸಿದರೆ ಬೆಕ್ಕು ಅಂಜುತ್ತದೆ ಎಂಬುದನ್ನು ನಂಬಿದ ಮನುಷ್ಯ ಟಪಾಲು ವಿಭಾಗದಲ್ಲೇ ಯಾಕೆ ಉಳಿದಿದ್ದಾನೆಂಬುದು ನಿಮಗೆ ಈಗ ಅರ್ಥವಾಗಿರಬೇಕು.

ಯಂತ್ರ ಬಂದ ಮೇಲೆ ಫೋನು ನಿಂತಿತು. ಜಗಳವಿಲ್ಲ, ಸಿಟ್ಟಿಲ್ಲ, ಸುಮ್ಮನೆ ನಿಂತಿತು. ಸಾಹೇಬ ಉಂಡದ್ದು ಅವಳಿಗೆ ಅಲ್ಲೇ ಗೊತ್ತಾಗುತ್ತದೆ, ಕೇಳುವುದೇನು? ಸಂಜೆ ಗರ್ರ್ ಎನ್ನುತ್ತಿತ್ತು, ಸಾಹೇಬ ಬಾಲವೆತ್ತಿ ಬಂದು ಕಾಳು ಕಡಿಯುತ್ತಿದ್ದ, ನಾನು ಎದುರಿಗೆ ಕೂತು ರೊಟ್ಟಿ ಮುರಿಯುತ್ತಿದ್ದೆ. ಫೋನು ಪಕ್ಕದಲ್ಲೇ ಮಲಗಿರುತ್ತಿತ್ತು. ಆ ಡಬ್ಬಿಯ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬೆಕ್ಕಿನ ಊಟವನ್ನಷ್ಟೇ ನೋಡಿಕೋ ಎಂದರೆ ನನ್ನ ‘ನಿಮ್ದು?’ ಕೂಡ ನುಂಗಿ ಕೂತಿದೆಯಲ್ಲ ಎನಿಸುತ್ತಿತ್ತು. ಹೇಳಿಕೊಳ್ಳಲು ಇದ್ದವನು ಸಾಹೇಬನೊಬ್ಬನೇ. ದಿನಾ ಊಟದ ಹೊತ್ತಿಗೆ ಅವನ ಮುಂದೆ ನನ್ನ ಅಹವಾಲು ನಡೆಯುತ್ತಿತ್ತು. ‘ಮನಿ ಬಿಕೋ ಅಂತೈತಪಾ ಸಾಹೇಬ. ಆಕಿ ಇದ್ರ ನಿನಗೂ ಛಲೋ ಇತ್ತು, ನನಗೂ ಛಲೋ ಇತ್ತು. ನನ್ನ ನೆನಪು ಬರತೈತೋ ಇಲ್ಲೋ ಆಕಿಗೆ.’ ಇಂಥವೇ ಮಾತು. ಮನುಷ್ಯರ ಮುಂದೆ ಆಡುವಂಥವಲ್ಲ.

ಒಂದು ಸಂಜೆ ಕಾಳು ಉದುರಿದರೂ ಸಾಹೇಬ ಬರಲಿಲ್ಲ. ಪಕ್ಕದ ಮನೆಯ ಶರಣಮ್ಮನಲ್ಲಿ ಏನೋ ತಿಂದು ಅಲ್ಲೇ ಮಲಗಿದ್ದ. ಸ್ವಲ್ಪ ಹೊತ್ತಿಗೆ ನನ್ನ ಫೋನು ಬಡಿದುಕೊಂಡಿತು.

‘ಯಾಕ್ರಿ, ಸಾಹೇಬ ಉಣ್ಣಾಕ ಬಂದಿಲ್ಲಂತ ತೋರಸಾಕತ್ತೈತಿ? ಎಲ್ಲಿ ಹೋಗ್ಯಾನ?’

ಎಷ್ಟು ದಿನದ ಮೇಲೆ ಆ ದನಿ! ನಾನು ಸಾಹೇಬನ ಸ್ಥಿತಿಗತಿಗಳನ್ನು ಬಹಳ ವಿವರವಾಗಿ ಹೇಳಿದೆ. ಕಡೆಗೆ ‘ನಿಮ್ದು?’ ಬಂತು. ಆ ದಿನ ನನ್ನ ತಲೆಯಲ್ಲಿ ಮೂಡಿದ ಬುದ್ಧಿ ಕಚೇರಿಯಲ್ಲಿ ಒಮ್ಮೆಯಾದರೂ ಮೂಡಿದ್ದರೆ ನನಗೂ ಬಡ್ತಿ ಸಿಗುತ್ತಿತ್ತು. ಮರುದಿನದಿಂದ ಯಂತ್ರದ ಹೊತ್ತಿಗಿಂತ ಸ್ವಲ್ಪ ಮೊದಲೇ ಸಾಹೇಬನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಹೊಟ್ಟೆ ತುಂಬ ಹಾಲು ರೊಟ್ಟಿ ಉಣಿಸತೊಡಗಿದೆ. ಒಳಗೆ ಕಾಳು ಉದುರುತ್ತಿತ್ತು. ಸಾಹೇಬ ಮೀಸೆ ನೆಕ್ಕುತ್ತ ಬಿಸಿ ಕಲ್ಲಿನ ಮೇಲೆ ಉರುಳುತ್ತಿದ್ದ. ಫೋನು ಬರುತ್ತಿತ್ತು. ದಿನಾ ಮಾಡಿದರೆ ಸಂಶಯ ಬಂದೀತೆಂದು ನಡುನಡುವೆ ಬಿಡುತ್ತಿದ್ದೆ. ಬಿಟ್ಟ ದಿನ ಊಟ ಸೇರುತ್ತಿರಲಿಲ್ಲ.

ಗಿರಿಜಾ ಒಂದೊಂದು ಸಲ ಬಹಳ ಆಶ್ಚರ್ಯದ ಮಾತು ಹೇಳುತ್ತಿದ್ದಳು. ‘ನಿಂತ್ಕೊಂಡ ತಿನಬ್ಯಾಡ್ರಿ, ಕೂತು ಉಣ್ರಿ’ ಎಂದಳೊಮ್ಮೆ. ನಾನು ಹಿಂದಿನ ದಿನ ನಿಂತೇ ತಿಂದಿದ್ದೆ. ಇನ್ನೊಮ್ಮೆ ‘ಆ ಹರಕ ಬನೀನು ಇನ್ನರ ಒಗೀರಿ’ ಎಂದಳು. ಇಷ್ಟು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಗಂಡ ಎಷ್ಟು ದೂರವಿದ್ದರೂ ಕಣ್ಣಿಗೆ ಕಟ್ಟಿದಂತಿರುತ್ತಾನೆ ಎಂದು ನನಗೆ ಒಳಗೊಳಗೇ ಹೆಮ್ಮೆಯಾಯಿತು.

ಈ ಸುಖ ಒಂದು ಶನಿವಾರ ಮುಗಿಯಿತು. ಗಿರಿಜಾ ಬಸ್ಸಿಳಿದು ಬಂದವಳು ಚೀಲ ಇಟ್ಟು ಸಾಹೇಬನನ್ನು ಎತ್ತಿಕೊಳ್ಳಲು ಹೋಗಿ ಅರ್ಧಕ್ಕೇ ಇಳಿಸಿದಳು.

‘ಇದೇನ್ರಿ, ಜ್ವಾಳದ ಚೀಲ ಆಗ್ಯಾನ! ಮಷಿನ್ಯಾಗಿಂದು ಅರ್ಧ ದಿನ ತಿಂದಽ ಇಲ್ಲ ಇವ. ಹೆಂಗ ದಪ್ಪಾದ?’

ಹವಾ ಬದಲಾಗಿದೆ ಎಂದೋ ಏನೋ ನಾನು ಹೇಳಲು ಹೊರಟಿದ್ದೆ. ಅಷ್ಟರಲ್ಲಿ ಕಂಪೌಂಡಿನಾಚೆಯಿಂದ ಶರಣಮ್ಮ ಬಹಳ ಮೆಚ್ಚುಗೆಯಿಂದ, ‘ಅಣ್ಣಾರು ದಿನಾ ಸಂಜಿಮುಂದ ಹಿತ್ತಲದಾಗ ಕೂತು ಹಾಲುರೊಟ್ಟಿ ಉಣಸ್ತಾರ್ರಿ ಅಕ್ಕಾರ. ಹೆತ್ತ ಮಕ್ಕಳಿಗೆ ಸೈತ ಅಷ್ಟು ಮಾಡೂದಿಲ್ಲ ಯಾರೂ’ ಎಂದಳು.

ಒಳಗೆ ಬಂದ ಮೇಲೆ ಗಿರಿಜಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. ನಾನು ಯಂತ್ರದ ಕಡೆ ಕೈ ತೋರಿಸಿ, ‘ಇದು ಬಂದಾಗಿಂದ ನೀ ಫೋನ್ ಮಾಡೂದ ಬಿಟ್ಟಿ. ಬೆಕ್ಕು ಉಣ್ಣದಿದ್ರ ಮಾಡ್ತಿದ್ದಿ. ಅದಕ್ಕ’ ಎಂದೆ. ಹೇಳುವಾಗ ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು. ಬೈಗುಳಕ್ಕೆ ತಯಾರಾಗಿ ನಿಂತೆ. ಅವಳು ಬೈಯಲಿಲ್ಲ. ಚೀಲದಿಂದ ಮೊಬೈಲು ತೆಗೆದು, ಏನೋ ಒತ್ತಿ, ನನ್ನ ಕೈಗೆ ಕೊಟ್ಟಳು. ಅದರಲ್ಲಿ ನಮ್ಮದೇ ಪಡಸಾಲೆ ಕಂಡಿತು. ಪಡಸಾಲೆಯಲ್ಲಿ ಬೋಳು ತಲೆಯವನೊಬ್ಬ ಮೊಬೈಲು ಹಿಡಿದು ಬಾಯಿ ತೆರೆದು ನಿಂತಿದ್ದ. ನಾನು ಕೈ ಎತ್ತಿದೆ. ಅವನೂ ಎತ್ತಿದ. ಆ ಹೊಳೆಯುವ ಕರಿ ಗುಂಡಿ ಗುಂಡಿಯಾಗಿರಲಿಲ್ಲ, ಕ್ಯಾಮೆರಾ ಆಗಿತ್ತು.

‘ದಿನಾ ಊಟದ ಹೊತ್ತಿಗೆ ಎದುರಿಗೇ ಕಾಣತಿದ್ರಿ. ಮತ್ತ ಫೋನ್ ಯಾಕ ಅಂತ ಬಿಟ್ಟೆ,’ ಎಂದಳು. ಆಮೇಲೆ ಸಾಹೇಬನ ಬೆನ್ನು ನೀವುತ್ತ, ನನ್ನ ಮುಖ ನೋಡದೆ, ‘ನೀವು ಉಂಡಿಂದ ನಾ ತಾಟ ಹಚ್ಚಿಕೊಳ್ತೀನಿ’ ಎಂದಳು.

ಮದುವೆಯಾದಾಗಿನಿಂದ ಅವಳದು ಇದೇ ಹಟ. ನಾನು ಉಣ್ಣದೆ ತಾನು ಉಣ್ಣಳು. ಓದಿದವಳು ನೀನು, ಇದೆಂಥ ಪದ್ಧತಿ ಎಂದು ಎಷ್ಟೋ ಸಲ ರೇಗಿದ್ದೆ. ಹೂಂ ಎನ್ನುತ್ತಿದ್ದಳು, ಕಾಯುತ್ತಲೇ ಇರುತ್ತಿದ್ದಳು. ದೂರ ಹೋದ ಮೇಲಾದರೂ ಬಿಟ್ಟಿರಬೇಕೆಂದು ತಿಳಿದಿದ್ದೆ. ನನಗೆ ನೆನಪಾಯಿತು, ಗೆಳೆಯರ ಜೊತೆ ಮಿರ್ಚಿ ಮಂಡಾಳ ತಿಂದು ಬಂದು ಊಟ ಮಾಡದೆ ಹಾಗೇ ಮಲಗಿದ ದಿನಗಳಿದ್ದವು.

‘ನಾ ಹೊರಗ ತಿಂದು ಬಂದ ದಿನ?’ ಎಂದೆ.

‘ಆವತ್ತೇನು, ನನಗೂ ಹಸಿವಿರತಿರಲಿಲ್ಲ ಬಿಡ್ರಿ.’

ನಾನೊಬ್ಬನೇ ಕಾಯುತ್ತಿದ್ದೇನೆಂದು ಮರುಗಿದ ಅಷ್ಟೂ ಸಂಜೆ ಅತ್ತ ಕಾಯುತ್ತಿದ್ದವಳು ಅವಳು. ಸ್ವಲ್ಪ ಹೊತ್ತು ಹೀಗೆ ಸಂಕಟಪಟ್ಟ ಮೇಲೆ ಇನ್ನೊಂದು ಸಂಕಟ ಹೊಳೆಯಿತು.

‘ಇದರಾಗ ಮಾತೂ ಕೇಳಸ್ತಾವೇನು?’

‘ಕೇಳಸ್ತಾವ,’ ಎಂದು ಗಿರಿಜಾ ಅಡುಗೆಮನೆಗೆ ಹೋದಳು. ಹೋಗುವಾಗ ಅವಳ ಸೆರಗು ಬಾಯಿಗಡ್ಡವಾಗಿತ್ತು. ಒಳಗಿನಿಂದ ದನಿ ಬಂತು. ‘ಬರತೈತಿ, ನೆನಪು. ಸಾಹೇಬಗ ಹೇಳ್ರಿ.’

ಅಂದಿನಿಂದ ಮನೆಯ ವ್ಯವಹಾರ ಸುಧಾರಿಸಿದೆ. ಸಾಹೇಬನಿಗೆ ಹಿತ್ತಲಿನ ಊಟ ಬಂದ್ ಆಗಿದೆ. ನಾನು ಹೊರಗೆ ತಿನ್ನುವುದನ್ನು ಬಿಟ್ಟು ಹೊತ್ತಿಗೆ ಸರಿಯಾಗಿ ಮನೆ ಸೇರುತ್ತೇನೆ. ಊಟಕ್ಕೆ ಕೂಡುವ ಮೊದಲು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಇರುವ ನಾಲ್ಕು ಕೂದಲನ್ನು ಬಾಚುತ್ತೇನೆ. ಸಾಹೇಬನೊಡನೆ ಮಾತು ಮಾತ್ರ ನಿಂತಿದೆ. ಎದುರಿಗೆ ಹೆಂಡತಿ ಇರುವಾಗ ಅಂಥ ಮಾತೆಲ್ಲ ಆಡಲು ನನಗೆ ಮೊದಲಿನಿಂದಲೂ ನಾಚಿಕೆ. ಸಾಹೇಬ ಹೊತ್ತಿಗೆ ಉಣ್ಣುತ್ತಾನೆ, ನಾನೂ ಅವಳ ಕಣ್ಣೆದುರಿಗೇ ಇರುತ್ತೇನೆ, ಹೀಗಾಗಿ ಫೋನು ಮತ್ತೆ ನಿಲ್ಲುವ ಲಕ್ಷಣ ಕಂಡಿತು. ಅದಕ್ಕೆ ಒಂದು ಉಪಾಯ ಮಾಡಿದ್ದೇನೆ, ದಯವಿಟ್ಟು ಸಿದ್ದಾಪುರದ ಕಡೆಯವರು ಇದನ್ನು ಓದಬಾರದು. ಡಬ್ಬಿಯಿಂದ ಒಂದಿಷ್ಟು ಕಾಳು ತೆಗೆದು ಆ ಕರಿ ಕಣ್ಣಿನ ಸರಿ ಮುಂದೆ ನೆಲದ ಮೇಲೆ ಇಡುತ್ತೇನೆ. ಸಾಹೇಬ ಬಂದು ಅಲ್ಲೇ ಬೆನ್ನು ಹಾಕಿ ಕೂಡುತ್ತಾನೆ. ಅವನ ಬೆನ್ನು ಈಗಲೂ ಸಾಕಷ್ಟು ಅಗಲವಿದೆ. ಫೋನು ಬಡಿದುಕೊಳ್ಳುತ್ತದೆ.

‘ಸಾಹೇಬನ್ನ ಸ್ವಲ್ಪ ಬಾಜೂಕ ಸರಸ್ರಿ, ನೀವು ಕಾಣವಲ್ರಿ.’

ನಾನು ಅವಸರ ಮಾಡದೆ ಸರಿಸುತ್ತೇನೆ. ನಿನ್ನೆಯೂ ಹಾಗೇ ಸರಿಸಿದೆ. ಅವಳು ನನ್ನ ತಾಟು ನೋಡಿದಳೆಂದು ತೋರುತ್ತದೆ.

‘ಎರಡಽ ರೊಟ್ಟಿ ತಿಂದೀರಿ. ಇನ್ನೊಂದು ಹಾಕ್ಕೋರಿ.’

‘ಬ್ಯಾಡ, ಸಾಕು’ ಎಂದು ತಾಟಿನ ಮೇಲೆ ಕೈ ಅಡ್ಡ ಹಿಡಿದೆ. ಆಮೇಲೆ ಹಾಕಿಕೊಂಡೆ.